ಖಾಲಿ ಚೇಂಬರಿನ ಮೇಲೆ ಸ್ಲೈಡ್ ಬಿಟ್ಟವರು ಉತ್ತರ ಕೊಡಲಿ

ಸವೆತ ತಡೆಯಲೆಂದೇ ಗನ್‌ಸ್ಮಿತ್‌ಗೆ, ಅಂದರೆ ಬಂದೂಕು ಕೆಲಸದ ಕುಶಲಕರ್ಮಿಗೆ, ಕೊಟ್ಟ ಪಿಸ್ತೂಲು, ಕೊಟ್ಟಾಗ ಇದ್ದದ್ದಕ್ಕಿಂತ ಹೆಚ್ಚು ಸವೆದು ಕೈಗೆ ಬಂದರೆ ಯಾರನ್ನು ಕೇಳಬೇಕು? ಟ್ರಿಗರ್ ಹಗುರ ಮಾಡಿಕೊಡಿ ಎಂದು ನಾನು ಕೇಳಿರಲಿಲ್ಲ. ಹೊಳಪು ಕೊಡಿ, ಹೊಸ ಹಿಡಿ ಹಾಕಿ ಎಂದೂ ಕೇಳಿರಲಿಲ್ಲ. ಬ್ಯಾರೆಲ್ಲಿನ ಕೆಳಗೆ ಚಾಚಿಕೊಂಡಿರುವ ಲಗ್‌ಗಳು, ಹ್ಯಾಮರನ್ನು (ಗುಂಡು ಸಿಡಿಸುವ ಸುತ್ತಿಗೆಯನ್ನು) ಹಿಡಿದು ನಿಲ್ಲಿಸುವ ಸಿಯರ್‌ನ ಅಂಚು, ಪಿಸ್ತೂಲಿನ ಮೈಯಾದ ಫ್ರೇಮಿನ ಹಳಿಗಳು ಈಗಿರುವ ಸ್ಥಿತಿಯಲ್ಲಿಯೇ ಆದಷ್ಟು ಕಾಲ ಉಳಿಯಬೇಕು, ಅದಕ್ಕೆ ಬೇಕಾದ ಮಾರ್ಪಾಡುಗಳನ್ನಷ್ಟೇ ಮಾಡಿಕೊಡಿ ಎಂದು ಬರೆದೇ ಕೊಟ್ಟಿದ್ದೆ. ಇಂದು ಮಧ್ಯಾಹ್ನ ಅದನ್ನು ಬಿಡಿಸಿಕೊಂಡು ಬಂದೆ. ಬಂದಾಗಿನಿಂದ ಇನ್ನೊಂದು ಕೆಲಸಕ್ಕೆ ಕೈ ಹತ್ತುತ್ತಿಲ್ಲ.

ಅದು .45 ಕ್ಯಾಲಿಬರಿನ 1911 ಮಾದರಿಯ ಪಿಸ್ತೂಲು. ಬುಲ್ಸ್‌ಐ ಸ್ಪರ್ಧೆಗೆಂದೇ ಕೈಯಿಂದ ಹೊಂದಿಸಿದ್ದು. 25 ಮತ್ತು 50 ಗಜಗಳ ದೂರದಿಂದ ಒಂದೇ ಕೈಯಲ್ಲಿ ಹಿಡಿದು ಹೊಡೆಯುವ ಈ ಸ್ಪರ್ಧೆಯಲ್ಲಿ ನಾವು ಬಳಸುವುದು ಸೈನ್ಯದ ಪೂರ್ಣ ಶಕ್ತಿಯ ಗುಂಡನ್ನಲ್ಲ. ಕಾಗದದಲ್ಲಿ ಅಚ್ಚುಕಟ್ಟಾದ ದುಂಡು ತೂತು ಬೀಳಿಸುವ, 185 ಗ್ರೇನ್ ತೂಕದ, ಹಗುರವಾದ ಮದ್ದಿನ ಗುಂಡು ಅದು. ಈ ಒಂದು ಸಂಗತಿ ಗೊತ್ತಿದ್ದರೆ ಉಳಿದ ಲೆಕ್ಕವೆಲ್ಲ ತಾನಾಗಿ ಬಿಚ್ಚಿಕೊಳ್ಳುತ್ತದೆ. ಪ್ರತಿ ಗುಂಡಿಗೂ ಹಿಂದಕ್ಕೆ ಸರಿಯುವ ಮೇಲ್ಭಾಗವೇ ಸ್ಲೈಡ್, ಅದನ್ನು ಮರಳಿ ಮುಂದಕ್ಕೆ ತಳ್ಳುವುದು ರೀಕಾಯಿಲ್ ಸ್ಪ್ರಿಂಗ್. ಪೂರ್ಣ ಶಕ್ತಿಯ ಗುಂಡಿಗೆ 16 ಪೌಂಡಿನದು ವಾಡಿಕೆ. ಹಗುರ ಗುಂಡಿಗೆ 12ರ ಆಸುಪಾಸಿನದು ಸಾಕು. ನನ್ನ ಪಿಸ್ತೂಲಿನೊಳಗೆ ಈಗ ಕುಳಿತಿರುವುದು 18.5 ಪೌಂಡಿನದು.

ಯಾಕೆ ಎಂದು ಕೇಳಿದ್ದಕ್ಕೆ, ‘ಗಟ್ಟಿ ಸ್ಪ್ರಿಂಗ್ ಹಾಕಿದರೆ ಫ್ರೇಮ್ ಉಳಿಯುತ್ತದೆ’ ಎಂಬ ಉತ್ತರ ಬಂತು. ಇದು ಅರ್ಧ ಸತ್ಯ. ಅರ್ಧ ಸತ್ಯವಾದ್ದರಿಂದಲೇ ಹೆಚ್ಚು ಹಾನಿಕರ. ಸ್ಲೈಡ್ ಹಿಂದಕ್ಕೆ ಹೋಗುವಾಗ ಸ್ಪ್ರಿಂಗ್ ನುಂಗಿಕೊಂಡ ಬಲ ಎಲ್ಲಿಗೂ ಮಾಯವಾಗುವುದಿಲ್ಲ. ಸ್ಲೈಡ್ ಮುಂದಕ್ಕೆ ಬರುವಾಗ ಅದರ ಬಹುಪಾಲು ಹಿಂದಿರುಗುತ್ತದೆ. ಆಗ ಪೆಟ್ಟು ತಿನ್ನುವುದು ಫ್ರೇಮಿನ ಹಿಂಭಾಗವಲ್ಲ, ಬ್ಯಾರೆಲ್ಲಿನ ಕೆಳ ಲಗ್‌ಗಳು ಮತ್ತು ಅವು ಒರಗುವ ಸ್ಲೈಡ್ ಸ್ಟಾಪಿನ (ಸ್ಲೈಡನ್ನು ಹಿಂದೆ ಸಿಕ್ಕಿಸಿಡುವ ಸನ್ನೆಯ) ಅಡ್ಡ ಪಿನ್ನು. ಗುರಿ ಪಿಸ್ತೂಲಿನ ಪ್ರಾಣ ಇರುವುದೇ ಅಲ್ಲಿ. ಎರಡೂ ಲಗ್‌ಗಳು ಪಿನ್ನಿನ ಮೇಲೆ ಸಮನಾಗಿ ಕೂರುವಂತೆ ಒಬ್ಬ ಕುಶಲಿ ನೀಲಿ ಬಣ್ಣ ಬಳಿದು, ಬಣ್ಣ ಎಲ್ಲಿ ಉಜ್ಜಿಹೋಗಿದೆ ಎಂದು ನೋಡಿ, ಅರದಿಂದ ಕೂದಲೆಳೆಯಷ್ಟು ತೆಗೆದು, ಮತ್ತೆ ಬಣ್ಣ ಬಳಿದು ನೋಡುತ್ತಾನೆ. ಆ ತಾಳ್ಮೆಯ ಕೆಲಸವನ್ನು ತಪ್ಪು ಸ್ಪ್ರಿಂಗ್ ಒಂದೊಂದು ಗುಂಡಿಗೂ ಒಂದಿಷ್ಟು ಒಂದಿಷ್ಟಾಗಿ ಜಜ್ಜುತ್ತ ಹೋಗುತ್ತದೆ.

ಇದಕ್ಕೂ ಮಿಗಿಲಾಗಿ, ಅದೇ ಸ್ಪ್ರಿಂಗ್ ಸುತ್ತಿಕೊಂಡಿರುವ ಗೈಡ್ ರಾಡಿನ ಮೇಲೆ ಪ್ಲಾಸ್ಟಿಕ್ಕಿನ ತೆಳುವಾದ ಬಫರನ್ನೂ ಜೋಡಿಸಿದ್ದಾರೆ. ಬಫರ್ ಇರುವುದು ಸ್ಲೈಡ್ ತುದಿಯವರೆಗೆ ಹಿಂದಕ್ಕೆ ಬಂದು ಫ್ರೇಮಿಗೆ ಗುದ್ದುವಾಗ ಲೋಹಕ್ಕೆ ಲೋಹ ತಾಗದಿರಲಿ ಎಂದು. ಹಗುರವಾದ ಗುಂಡು 18.5 ಪೌಂಡಿನ ಸ್ಪ್ರಿಂಗನ್ನು ಮಣಿಸಿ ಅಲ್ಲಿಯವರೆಗೆ ಬರುವುದೇ ಕಷ್ಟ. ಖಾಲಿ ಕೋಶ ಹೊರಗೆ ಚಿಮ್ಮದೆ ಸಿಕ್ಕಿಕೊಂಡು ನಿಲ್ಲುವುದೇ ಹೆಚ್ಚು. ಹಾಗಾದರೆ ಬಫರ್ ಯಾವ ಪೆಟ್ಟನ್ನು ತಡೆಯಲು ಕುಳಿತಿದೆ? ಎರಡನ್ನೂ ಒಟ್ಟಿಗೆ ಹಾಕಿದವರು ಒಂದು ಕ್ಷಣವಾದರೂ ನನ್ನ ಗುಂಡಿನ ಬಗ್ಗೆ ಯೋಚಿಸಿದ್ದರೇ? ಗುಂಡಿನ ವಿವರವನ್ನು ಚೀಟಿಯ ಮೊದಲ ಸಾಲಿನಲ್ಲಿಯೇ ಬರೆದಿದ್ದೆ.

ಹೋಗಲಿ, ಸ್ಪ್ರಿಂಗ್ ಬದಲಿಸಬಹುದು, ಬಫರ್ ಕಿತ್ತು ಬಿಸಾಡಬಹುದು. ಅವುಗಳಿಗಾಗಿ ನಾನು ಇಷ್ಟು ಬರೆಯುತ್ತಿರಲಿಲ್ಲ. ನನಗೆ ನುಂಗಲಾಗದಿರುವುದು ಮೇಜಿನ ಬಳಿ ನಡೆದದ್ದು.

ಗನ್‌ಸ್ಮಿತ್ ಪಿಸ್ತೂಲನ್ನು ಪೆಟ್ಟಿಗೆಯಿಂದ ತೆಗೆದರು. ಮ್ಯಾಗಜಿನ್ ಇಲ್ಲದ್ದನ್ನೂ ಚೇಂಬರ್ (ಗುಂಡು ಕೂರುವ ಗೂಡು) ಖಾಲಿಯಿರುವುದನ್ನೂ ತೋರಿಸಿದರು. ಅದು ಸರಿಯಾದ ಕ್ರಮ, ಅದಕ್ಕೆ ನನ್ನ ತಕರಾರಿಲ್ಲ. ಆಮೇಲೆ ಸ್ಲೈಡನ್ನು ಹಿಂದಕ್ಕೆಳೆದು ಸಿಕ್ಕಿಸಿ, ನನ್ನ ಮುಖ ನೋಡುತ್ತ, ಹೆಬ್ಬೆರಳಿನಿಂದ ಸ್ಟಾಪನ್ನು ಕೆಳಗೆ ಒತ್ತಿಬಿಟ್ಟರು. 18.5 ಪೌಂಡಿನ ಸ್ಪ್ರಿಂಗಿನ ಪೂರ್ಣ ಬಲದೊಂದಿಗೆ ಸ್ಲೈಡ್ ಖಾಲಿ ಚೇಂಬರಿನ ಮೇಲೆ ಬಡಿಯಿತು. ಆ ಸದ್ದಿಗೆ ಕೋಣೆಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ‘ದಯವಿಟ್ಟು ಹಾಗೆ ಬಿಡಬೇಡಿ’ ಎಂದೆ. ಅವರು ನಕ್ಕರು. ನಕ್ಕು, ಮತ್ತೆ ಎಳೆದು, ಮತ್ತೆ ಬಿಟ್ಟರು. ಎರಡನೆಯ ಬಾರಿ ಸ್ಲೈಡಿನ ಸದ್ದಿನ ಬೆನ್ನಿಗೇ ಇನ್ನೊಂದು ಸಣ್ಣ ‘ಟಿಕ್’ ಕೇಳಿಸಿತು. ನಾನು ನೋಡುತ್ತಿದ್ದಂತೆಯೇ ಹ್ಯಾಮರ್ ಪೂರ್ತಿ ಮೇಲಿನ ಸ್ಥಾನದಿಂದ ಜಾರಿ ಅರ್ಧದ ಕಚ್ಚಿನಲ್ಲಿ ಬಂದು ನಿಂತಿತ್ತು. ಅದನ್ನು ಅವರೂ ಕಂಡರು. ಕಂಡದ್ದು ನನಗೆ ಖಚಿತ, ಏಕೆಂದರೆ ಒಂದು ಮಾತೂ ಆಡದೆ ಹೆಬ್ಬೆರಳಿನಿಂದ ಅದನ್ನು ಹಿಂದಕ್ಕೆಳೆದು ಸರಿಯಾಗಿ ಕೂರಿಸಿದರು. ಆಮೇಲೆ ಪಕ್ಕದಲ್ಲಿದ್ದವರ ಕಡೆಗೆ ತಿರುಗಿ, ‘ನೋಡಿ ಇವರೇ, ಇದು ಯುದ್ಧಕ್ಕಾಗಿ ಮಾಡಿದ ಆಯುಧ. ಇವರು ಇದನ್ನು ಗಾಜಿನ ಬಳೆ ಎಂದುಕೊಂಡಿದ್ದಾರೆ’ ಎಂದರು.

ಎಲ್ಲರೂ ನಕ್ಕರು. ನನ್ನೊಂದಿಗೆ ಒಂದೇ ಸಾಲಿನಲ್ಲಿ ನಿಂತು ಗುರಿ ಹೊಡೆಯುವ, ತಮ್ಮ ಪಿಸ್ತೂಲಿನ ಸ್ಲೈಡನ್ನು ತಾವು ಎಂದೂ ಹಾಗೆ ಬಿಡದ ಇಬ್ಬರು ಕೂಡ ನಕ್ಕರು. ನಾನು ಹಣ ಎಣಿಸಿ ಕೊಟ್ಟು ಪೆಟ್ಟಿಗೆ ಮುಚ್ಚಿಕೊಂಡು ಹೊರಗೆ ಬಂದೆ. ಆ ನಗು ನನ್ನನ್ನು ಬಿಟ್ಟು ಹೋಗುತ್ತಿಲ್ಲ. ಹ್ಯಾಮರ್ ಜಾರಿದ್ದನ್ನು ಅಲ್ಲಿ ಇಬ್ಬರೇ ಕಂಡಿದ್ದೆವು, ಆ ಇಬ್ಬರಲ್ಲಿ ಒಬ್ಬರು ಅದನ್ನು ಮುಚ್ಚಿಕೊಳ್ಳಲು ಇನ್ನೊಬ್ಬರನ್ನು ನಗೆಪಾಟಲು ಮಾಡಿದರು.

ಇದು ಮೂಢನಂಬಿಕೆಯಲ್ಲ, ಇದರ ಹಿಂದೆ ಸರಳವಾದ ಯಂತ್ರವಿಜ್ಞಾನವಿದೆ. ಮ್ಯಾಗಜಿನ್ನಿನಿಂದ ಗುಂಡನ್ನು ಕಿತ್ತು ಚೇಂಬರಿಗೆ ನೂಕುವಾಗ ಸ್ಲೈಡಿನ ವೇಗ ಒಂದಿಷ್ಟು ತಗ್ಗುತ್ತದೆ. ಖಾಲಿಯಿದ್ದಾಗ ತಡೆಯುವುದು ಏನೂ ಇಲ್ಲ. ಪೂರ್ಣ ವೇಗದ ಪೆಟ್ಟಿಗೆ ಇಡೀ ಪಿಸ್ತೂಲು ಮುಂದಕ್ಕೆ ಜಿಗಿಯುತ್ತದೆ, ಟ್ರಿಗರ್ ತನ್ನ ಜಡತ್ವದಿಂದ ಹಿಂದೆ ಉಳಿದು ಒಳಗಿನ ಭಾಗಗಳನ್ನು ತಟ್ಟುತ್ತದೆ, ಸಿಯರ್ ಅಲುಗುತ್ತದೆ. ಸೈನ್ಯದ ಪಿಸ್ತೂಲಿನಲ್ಲಿ ಹ್ಯಾಮರಿನ ಕೊಕ್ಕೆಗಳು ಎತ್ತರವಾಗಿರುತ್ತವೆ, ಹಾಗಾಗಿ ಅದು ಸಹಿಸಿಕೊಳ್ಳುತ್ತದೆ. ಗುರಿ ಪಿಸ್ತೂಲಿನಲ್ಲಿ ಆ ಕೊಕ್ಕೆಗಳ ಎತ್ತರ ಸುಮಾರು ಅರ್ಧ ಮಿಲಿಮೀಟರ್. ಆ ಅರ್ಧ ಮಿಲಿಮೀಟರಿನ ಅಂಚಿನ ಮೇಲೆ ಸಿಯರ್ ನಿಂತಿರುತ್ತದೆ. ಒಮ್ಮೆ ಹ್ಯಾಮರ್ ಜಾರಿ ಅರ್ಧದ ಕಚ್ಚಿಗೆ ಬಡಿಯಿತೆಂದರೆ, ಆ ಪೆಟ್ಟನ್ನು ತಿನ್ನುವುದೂ ಸಿಯರ್‌ನ ಅದೇ ತುದಿ. ಅದು ಮುಕ್ಕಾದರೆ ಮುಂದಿನ ಸಲ ಇನ್ನೂ ಸುಲಭವಾಗಿ ಜಾರುತ್ತದೆ. ಗುಂಡು ತುಂಬಿರುವಾಗ ಹೀಗೆ ಜಾರುವ ಪಿಸ್ತೂಲನ್ನು ಹಿಡಿದು ನಾನು ಸಾಲಿನಲ್ಲಿ ನಿಲ್ಲಬೇಕೇ? ನನ್ನ ಪಕ್ಕದಲ್ಲಿ ನಿಲ್ಲುವವರು ಯಾರು, ನಕ್ಕವರೇ?

ಹ್ಯಾಮರ್ ಜಾರುತ್ತದೆಯೇ ಇಲ್ಲವೇ ಎಂದು ಪರೀಕ್ಷಿಸುವುದು ಗನ್‌ಸ್ಮಿತ್‌ನ ಕರ್ತವ್ಯ ಎಂಬುದನ್ನು ಒಪ್ಪುತ್ತೇನೆ. ಆ ಪರೀಕ್ಷೆಯನ್ನು ಮ್ಯಾಗಜಿನ್ನಿಗೆ ಡಮ್ಮಿ ಗುಂಡು ತುಂಬಿ ಮಾಡಲು ಬರುತ್ತದೆ. ಒಂದು ವೇಳೆ ಅವರು ಮಾಡಿದ್ದು ಪರೀಕ್ಷೆಯೇ ಆಗಿದ್ದರೆ, ಪಿಸ್ತೂಲು ಆ ಪರೀಕ್ಷೆಯಲ್ಲಿ ಸೋತಿತು. ಸೋತದ್ದನ್ನು ನನ್ನ ಕೈಗೆ ಕೊಟ್ಟು ಹಣ ಪಡೆದರು.

ಮನೆಗೆ ಬಂದು ಬಿಚ್ಚಿದೆ. ಸಿಯರ್ ಅನ್ನು ಹೊರತೆಗೆದು ದೀಪದಡಿ ಭೂತಗನ್ನಡಿಯಲ್ಲಿ ನೋಡಿದರೆ, ಒಂದೇ ನೇರ ಗೆರೆಯಾಗಿ ಹೊಳೆಯಬೇಕಾದ ಅಂಚು ಎಡಬದಿಯಲ್ಲಿ ಮಾತ್ರ ಹೊಳೆಯುತ್ತಿದೆ. ಬಲಬದಿಯಲ್ಲಿ ಸಣ್ಣದೊಂದು ಮುಕ್ಕು, ಅದರ ಸುತ್ತ ಮಂಕಾದ ಬೂದು ಬಣ್ಣ. ಹ್ಯಾಮರಿನ ಕೊಕ್ಕೆಗಳ ಮೇಲೆ ಸಾಣೆಕಲ್ಲು ಆಡಿಸಿದ ಹೊಸ ಗೀರುಗಳಿವೆ. ಸಾಣೆ ಹಿಡಿಯಿರಿ ಎಂದು ಹೇಳಿದವರು ಯಾರು? ಮೇಲ್ಮೈಗೆ ಮಾತ್ರ ಹದ ಕೊಟ್ಟ ಭಾಗಗಳಲ್ಲಿ ಗಟ್ಟಿ ಪದರ ಬಹಳ ತೆಳುವಾಗಿರುತ್ತದೆ. ಅದನ್ನು ಉಜ್ಜಿ ದಾಟಿದರೆ ಒಳಗಿನ ಮೆದು ಉಕ್ಕು ಹೊರಬರುತ್ತದೆ. ಆಮೇಲೆ ಅದು ಎಷ್ಟು ನುಣುಪಾಗಿ ಕಂಡರೂ ಬಾಳುವುದಿಲ್ಲ. ಮೊದಲ ದಿನ ಟ್ರಿಗರ್ ಬೆಣ್ಣೆಯಂತಿರುತ್ತದೆ, ಬರಬರುತ್ತ ತೂಕ ತಾನಾಗಿ ಬದಲಾಗುತ್ತ ಹೋಗುತ್ತದೆ.

ತೂಕವನ್ನೂ ನೋಡಿದೆ. .45ರ ಹಂತಕ್ಕೆ ಟ್ರಿಗರ್ 3.5 ಪೌಂಡಿಗಿಂತ ಕಡಿಮೆ ಇರಕೂಡದು ಎಂಬುದು ನಿಯಮ. ಪಿಸ್ತೂಲಿನ ಮೂತಿ ಮೇಲೆ ಮಾಡಿ, ಟ್ರಿಗರಿಗೆ ತೂಕ ತೂಗುಹಾಕಿ ನೆಲದಿಂದ ಎತ್ತಬೇಕು, ಹ್ಯಾಮರ್ ಬೀಳಬಾರದು. ಒಮ್ಮೆ ಎತ್ತುತ್ತದೆ. ಮರುಸಲ ತೂಕ ನೆಲ ಬಿಡುವ ಮೊದಲೇ ಹ್ಯಾಮರ್ ಬೀಳುತ್ತದೆ. ಕೊಡುವ ಮೊದಲು ಈ ಪಿಸ್ತೂಲು ಪ್ರತಿ ಬಾರಿಯೂ ಆ ತೂಕವನ್ನು ಎತ್ತುತ್ತಿತ್ತು.

ಪೆಟ್ಟಿಗೆಯ ತಳದಲ್ಲಿ ಇನ್ನೊಂದು ಸಿಕ್ಕಿತು. ಫೈರಿಂಗ್ ಪಿನ್ ಸ್ಟಾಪ್, ಅಂದರೆ ಗುಂಡಿಗೆ ಬಡಿಯುವ ಪಿನ್ನನ್ನು ಸ್ಲೈಡಿನ ಹಿಂಬದಿಯಲ್ಲಿ ತಡೆದಿಡುವ ಫಲಕ, ಒಂದನ್ನು ನಾನೇ ತರಿಸಿ ಕೊಟ್ಟಿದ್ದೆ. ಅದರ ಕೆಳ ಅಂಚು ಹೆಚ್ಚು ದುಂಡಾಗಿರದೆ ಬಹುಮಟ್ಟಿಗೆ ಚೌಕವಾಗಿರುತ್ತದೆ. ಸ್ಲೈಡ್ ಹಿಂದಕ್ಕೆ ಹೊರಡುವಾಗ ಹ್ಯಾಮರನ್ನು ಮಣಿಸಲು ಅದು ಹೆಚ್ಚು ಹೆಣಗಬೇಕಾಗುತ್ತದೆ, ಆರಂಭದ ವೇಗ ತಗ್ಗುತ್ತದೆ. ಅಲ್ಲಿ ವೇಗ ತಗ್ಗಿದರೆ ಗಟ್ಟಿ ಸ್ಪ್ರಿಂಗಿನ ಹಂಗು ಬೇಕಿಲ್ಲ, ಹಗುರವಾದದ್ದೇ ಸಾಕಾಗುತ್ತದೆ, ಸ್ಲೈಡ್ ಮುಚ್ಚುವಾಗ ಲಗ್‌ಗಳ ಮೇಲಿನ ಪೆಟ್ಟೂ ಕಡಿಮೆಯಾಗುತ್ತದೆ. ಇದು ನನ್ನ ತಲೆಯಿಂದ ಹೊಳೆದ ಹೊಸ ವಿದ್ಯೆಯಲ್ಲ; ಜಾನ್ ಬ್ರೌನಿಂಗ್ ವಿನ್ಯಾಸಗೊಳಿಸಿದ ಆರಂಭದ ರೂಪದಲ್ಲಿಯೇ ಆ ಅಂಚು ಹಾಗಿತ್ತು, ಸ್ಲೈಡ್ ಎಳೆಯಲು ಸಲೀಸಾಗಲೆಂದು ಅದನ್ನು ಮುಂದೆ ದುಂಡಾಗಿಸಿದರು. ನಾನು ಬಯಸಿದ ಇಡೀ ಮಾರ್ಪಾಡಿನ ಮೂಲ ಆ ಒಂದು ಭಾಗ. ಅದರ ಪೊಟ್ಟಣದ ಬಾಯಿ ಕೂಡ ಬಿಚ್ಚಿಲ್ಲ. ಕೆಲಸದ ಚೀಟಿಯಲ್ಲಿ ಮಾತ್ರ ‘ಎಲ್ಲವನ್ನೂ ಸರಿಪಡಿಸಲಾಗಿದೆ’ ಎಂದು ಬರೆದು ಸಹಿ ಹಾಕಿದ್ದಾರೆ.

ಮತ್ತೆಂದೂ ಆ ಮೆಟ್ಟಿಲು ಹತ್ತುವುದಿಲ್ಲ ಎಂದು ಹೊರಗೆ ಬರುವಾಗಲೇ ನಿಶ್ಚಯಿಸಿದ್ದೆ. ಆದರೆ ಎಲ್ಲಿಗೆ ಹೋಗಲಿ? ಲಗ್ ಕೂರಿಸಲು ಬಲ್ಲವರು ಬೆರಳೆಣಿಕೆಯಷ್ಟು ಮಂದಿ, ಅವರಲ್ಲಿ ಹೆಚ್ಚಿನವರಿಗೆ ವಯಸ್ಸಾಗಿದೆ, ಹೊಸ ಕೆಲಸ ಒಪ್ಪಿಕೊಳ್ಳುವುದಿಲ್ಲ. ಬಹುಶಃ ನಾಳೆಯೇ ಅದೇ ಮೇಜಿನ ಮುಂದೆ ಹೋಗಿ ನಿಲ್ಲಬೇಕಾಗುತ್ತದೆ. ಉಕ್ಕಿಗೆ ಉಕ್ಕು ಉಜ್ಜಿದರೆ ಸವೆಯುವುದು ಅದರ ಧರ್ಮ, ಸಿಯರ್ ಎಂದಾದರೂ ಒಂದು ದಿನ ಬದಲಿಸಬೇಕಾದದ್ದೇ, ಇಷ್ಟಕ್ಕೆ ರಾದ್ಧಾಂತ ಯಾಕೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತೇನೆ. ಹೇಳಿಕೊಂಡ ಮರುಕ್ಷಣವೇ ಆ ‘ಟಿಕ್’ ನೆನಪಾಗುತ್ತದೆ. ಇಲ್ಲ, ಇದು ಸವೆದದ್ದಲ್ಲ. ಬೇಡವೆಂದು ಕೇಳಿಕೊಂಡ ಮೇಲೂ, ನಾಲ್ಕು ಜನರ ನಗುವಿಗಾಗಿ, ಮುರಿದದ್ದು. ಇದನ್ನು ಹೇಗೆ ಬಿಟ್ಟುಬಿಡಲಿ?

ಈ ಕಸುಬು ಬಲ್ಲವರು ಯಾರಾದರೂ ಇದ್ದರೆ ದಯವಿಟ್ಟು ಉತ್ತರಿಸಿ. ಗ್ರಾಹಕ ಬರೆದುಕೊಟ್ಟ ಗುಂಡಿನ ವಿವರವನ್ನು ಓದದೆ ಸ್ಪ್ರಿಂಗ್ ಆರಿಸುವುದು ಯಾವ ಕ್ರಮ? ಕೇಳದ ಕಡೆ ಸಾಣೆ ಆಡಿಸಿ ಅದನ್ನು ಚೀಟಿಯಲ್ಲಿ ನಮೂದಿಸದಿರಲು ಅನುಮತಿ ಕೊಟ್ಟವರು ಯಾರು? ಹ್ಯಾಮರ್ ಜಾರಿದ್ದನ್ನು ಕಣ್ಣಾರೆ ಕಂಡ ಪಿಸ್ತೂಲನ್ನು ಮಾಲೀಕನಿಗೆ ತಿಳಿಸದೆ ಹಿಂದಿರುಗಿಸುವ ಕುಶಲಕರ್ಮಿಗೆ ಆ ರಾತ್ರಿ ನಿದ್ದೆ ಹೇಗೆ ಬರುತ್ತದೆ? ಅಲ್ಲಿ ನಿಂತು ನಕ್ಕ ಇಬ್ಬರು ಶೂಟರ್‌ಗಳೂ ಇದನ್ನು ಓದುತ್ತಿದ್ದರೆ ಹೇಳಲಿ: ನಿಮ್ಮ ಪಿಸ್ತೂಲನ್ನು ಹಾಗೆ ಬಿಡಲು ಅವರ ಕೈಗೆ ಕೊಡುತ್ತೀರಾ?

2700 ಅಂಕಗಳ ಪೂರ್ಣ ಸ್ಪರ್ಧೆಯಲ್ಲಿ .22, ಸೆಂಟರ್‌ಫೈರ್ (ಕೋಶದ ತಳದ ನಡುವಿಗೆ ಪಿನ್ ಬಡಿಯುವ ಗುಂಡು), .45 ಎಂಬ ಮೂರು ಹಂತ, ಹಂತಕ್ಕೆ 90 ಗುಂಡು. ಆ 270 ಗುಂಡುಗಳಲ್ಲಿ 180ನ್ನು ನಾನು ಹೊಡೆಯುವುದು ಈ ಒಂದು ಪಿಸ್ತೂಲಿನಿಂದ, ಸೆಂಟರ್‌ಫೈರ್ ಹಂತಕ್ಕೂ .45ರ ಹಂತಕ್ಕೂ ಇದನ್ನೇ ಬಳಸುತ್ತೇನೆ. ಈ ವಾರದ ಸ್ಪರ್ಧೆಯಲ್ಲಿ .22ರ 90 ಗುಂಡು ಮುಗಿಸಿ ಪೆಟ್ಟಿಗೆ ಕಟ್ಟಿಕೊಂಡು ಹೊರಡಬೇಕಾಗಿದೆ. ಹೊಸ ಹ್ಯಾಮರ್ ಮತ್ತು ಸಿಯರ್ ಜೋಡಿಯ ಬೆಲೆಯನ್ನೂ ಅದನ್ನು ಹೊಂದಿಸುವ ಕೂಲಿಯನ್ನೂ ಅವರೇ ಭರಿಸಬೇಕೆಂದು ಪತ್ರ ಬರೆದು, ಮುಕ್ಕಾದ ಅಂಚಿನ ಚಿತ್ರ ಮತ್ತು ಬಿಚ್ಚದ ಪೊಟ್ಟಣದ ಚಿತ್ರ ಎರಡನ್ನೂ ಲಗತ್ತಿಸಿದ್ದೇನೆ. ಬಾಯಿಮಾತಿನ ಉತ್ತರ ನನಗೆ ಬೇಡ. ಬರೆದು, ಸಹಿ ಹಾಕಿ ಕಳುಹಿಸಲಿ.