ಎಸ್ ಕಂಡ ಕೂಡಲೇ ‘ಆರ್’ ಹಾಕುವ ಚಾಳಿ

‘ದಿ ನ್ಯೂಸ್ ಆರ್ ಗುಡ್.’ ಈಗಷ್ಟೇ ಒಂದು ಇಂಗ್ಲಿಷ್ ವ್ಯಾಕರಣದ ವರ್ಕ್‌ಶೀಟಿನಲ್ಲಿ ಕಂಡ ವಾಕ್ಯ. ‘ಈಸ್’ ಇರಬೇಕಾದ ಕಡೆ ‘ಆರ್’. ಮಕ್ಕಳು ಬರೆದ ತಪ್ಪಲ್ಲ ಇದು, ಸರಿಯುತ್ತರ ಅಂತ ಅಚ್ಚಾಗಿದೆ! ಸಿಟ್ಟು ಬರದೆ ಇರುತ್ತಾ?

ಕೊನೆಗೆ ಎಸ್ ಬಂದರೆ ಬಹುವಚನ ಅಂತ ಚಿಕ್ಕ ತರಗತಿಯಲ್ಲಿ ಹೇಳಿ, ಮುಂದೆ ಅದನ್ನು ತಿದ್ದದೇ ಬಿಡುತ್ತೇವಲ್ಲ, ತಪ್ಪು ಹುಟ್ಟುವುದೇ ಅಲ್ಲಿ. ನ್ಯೂಸ್, ಫಿಸಿಕ್ಸ್, ಬಿಲಿಯರ್ಡ್ಸ್, ರಿಕೆಟ್ಸ್ (ಮಕ್ಕಳ ಮೂಳೆ ಮೆತ್ತಗಾಗುವ ಕಾಯಿಲೆ) ಎಲ್ಲದಕ್ಕೂ ಎಸ್ ಇದೆ, ಆದರೆ ಎಣಿಸೋಕೆ ಬರಲ್ಲ. ‘ಟು ನ್ಯೂಸ್’ ಅನ್ನಲಾಗದು, ‘ಟು ಪೀಸಸ್ ಆಫ್ ನ್ಯೂಸ್’ ಅನ್ನಬೇಕು. ಹಾಗಾಗಿ ‘ಈಸ್’. ಮೀಸಲ್ಸ್ (ದಡಾರ) ಪದಕ್ಕೆ ‘ಆರ್’ ಹಾಕುವವರು ಅಲ್ಲಲ್ಲಿ ಇದ್ದಾರೆ. ಕಲಿಯುವವರಿಗೆ ‘ಈಸ್’ ಕ್ಷೇಮ.

ಶೇಕ್ಸ್‌ಪಿಯರ್ ಕಾಲದಲ್ಲಿ ‘ದೀಸ್ ನ್ಯೂಸ್’ ನಡೆಯುತ್ತಿತ್ತು, ನಿಜ. ಇವತ್ತಿನ ಇಂಗ್ಲಿಷಿನಲ್ಲಿ ನಡೆಯುವುದಿಲ್ಲ. ‘ಅರ್ಥ ಆದರೆ ಸಾಕಲ್ವಾ, ಈಸ್ ಆದರೇನು ಆರ್ ಆದರೇನು’ ಅನ್ನುವವರಿಗೆ ಸ್ಟಾಟಿಸ್ಟಿಕ್ಸ್ ತೋರಿಸಬೇಕು. ‘ಸ್ಟಾಟಿಸ್ಟಿಕ್ಸ್ ಈಸ್ ಡಿಫಿಕಲ್ಟ್’ ಅಂದರೆ ಕಷ್ಟವಾದದ್ದು ಆ ಶಾಸ್ತ್ರ. ‘ದಿ ಸ್ಟಾಟಿಸ್ಟಿಕ್ಸ್ ಆರ್ ರಾಂಗ್’ ಅಂದರೆ ತಪ್ಪಿರುವುದು ಕೈಯಲ್ಲಿರುವ ಅಂಕಿಅಂಶಗಳು. ಅಕೌಸ್ಟಿಕ್ಸ್ ಕೂಡ ಹಾಗೇ: ಧ್ವನಿಯ ಶಾಸ್ತ್ರವಾದರೆ ‘ಈಸ್’, ಒಂದು ಸಭಾಂಗಣದಲ್ಲಿ ಧ್ವನಿ ಹೇಗೆ ಕೇಳುತ್ತೆ ಅನ್ನುವುದಾದರೆ ‘ಆರ್’. ಡಾರ್ಟ್ಸ್ ಆಟವಾದರೆ ‘ಈಸ್’, ಹಲಗೆಗೆ ಚುಚ್ಚಿಕೊಂಡ ಮೂರು ಡಾರ್ಟ್ಸ್ ಆದರೆ ‘ಆರ್’. ಇಲ್ಲಿ ಕ್ರಿಯಾಪದವೇ ಅರ್ಥವನ್ನು ಬೇರ್ಪಡಿಸುತ್ತಿದೆ. ಅದನ್ನು ಬೇಕಾದ ಹಾಗೆ ಹಾಕಿಕೊಳ್ಳಿ ಅನ್ನುವುದು ಬೇಜವಾಬ್ದಾರಿ.

ಇನ್ನು ‘ಅಪವಾದಗಳು’ ಅನ್ನುವ ಒಂದೇ ಪಟ್ಟಿ ಕೊಟ್ಟು ಬಾಯಿಪಾಠ ಮಾಡಿಸುವುದು. ಅದರಲ್ಲಿ ನ್ಯೂಸ್ ಪಕ್ಕದಲ್ಲೇ ಸಿಸರ್ಸ್, ಅದರ ಪಕ್ಕ ಸೀರೀಸ್! ಮೂರರ ಜಾತಿಯೇ ಬೇರೆ. ಸಿಸರ್ಸ್, ಟ್ರೌಸರ್ಸ್ ಎರಡು ಭಾಗ ಕೂಡಿದ ವಸ್ತುಗಳು, ಒಂದೇ ಇದ್ದರೂ ‘ಆರ್’. ಮುಂದೆ ‘ಎ ಪೇರ್ ಆಫ್’ ಸೇರಿದರೆ ಮಾತ್ರ ‘ಈಸ್’. ಸೀರೀಸ್, ಸ್ಪೀಶೀಸ್ ಎಣಿಸಬಹುದಾದ ಪದಗಳೇ, ಎರಡು ವಚನಕ್ಕೂ ಒಂದೇ ರೂಪ: ‘ದಿಸ್ ಸೀರೀಸ್ ಈಸ್’, ‘ದೀಸ್ ಟು ಸೀರೀಸ್ ಆರ್’. ಇವನ್ನು ಒಟ್ಟಿಗೆ ಸುರಿದರೆ ಮಗು ಗೊಂದಲಕ್ಕೆ ಬೀಳದೆ ಇನ್ನೇನಾಗುತ್ತೆ?

ಕ್ರಿಯಾಪದ ಒಂದನ್ನು ತಿದ್ದಿದರೂ ಕೆಲಸ ಮುಗಿಯಲ್ಲ. ‘ದೀಸ್ ನ್ಯೂಸ್ ಈಸ್’ ಅಂತ ಬರೆಯುವವರು ಬೇಕಾದಷ್ಟು ಜನ. ‘ದೀಸ್’ ಹೋಗಿ ‘ದಿಸ್’ ಬರಬೇಕು, ‘ಮೆನಿ’ ಹೋಗಿ ‘ಮಚ್’, ಮುಂದಿನ ವಾಕ್ಯದ ‘ದೇ’ ಹೋಗಿ ‘ಇಟ್’. ನಡುವೆ ಬೇರೆ ಬಹುವಚನ ನುಸುಳಿದರೆ ಇನ್ನೂ ಹುಷಾರು: ‘ದಿ ನ್ಯೂಸ್ ಫ್ರಮ್ ಬೋತ್ ಟೀಮ್ಸ್ ಈಸ್ ಗುಡ್’. ಟೀಮ್ಸ್ ಪಕ್ಕದಲ್ಲೇ ಕೂತಿದ್ದರೂ ಕ್ರಿಯಾಪದ ಕೇಳುವುದು ನ್ಯೂಸ್ ಮಾತನ್ನೇ.