ಒಂಬತ್ತು ಚೆಂಡಿನ ಸಿಟ್ಟು

ಭಾನುವಾರ ಗಾಲ್ಫ್ ಆಡಲು ಹೋಗಿ ಒಂಬತ್ತು ಚೆಂಡು ಕಳೆದುಕೊಂಡು ಬಂದಿದ್ದೇನೆ. ಇವತ್ತು ಬುಧವಾರ. ಸಿಟ್ಟು ಇನ್ನೂ ಇಳಿದಿಲ್ಲ. ಹೋಗಲಿ ಬಿಡು ಅಂತ ಸುಮ್ನೆ ಇದ್ದೆ. ಆದರೆ ನಿನ್ನೆ ಸಂಜೆ ಮುಂಬಯಿಯ ನಮ್ಮ ಚೆಂಬೂರಿನ ಒಂದು ಗಲ್ಲಿಯಲ್ಲಿ ಕಂಡದ್ದು ಸುಮ್ಮನಿರಲು ಬಿಡುತ್ತಿಲ್ಲ. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಸಿಟ್ಟು.

ನನ್ನ ಗಾಲ್ಫ್ ಕಥೆ ನಿಮಗೆ ಗೊತ್ತೇ ಇದೆ. ಬ್ಯಾಂಕಿನಲ್ಲಿ ಕೂತು ಕೂತು ಮಂಡಿ ಹಿಡಿದದ್ದು, ಡಾಕ್ಟರು ನಡೆಯಿರಿ ಅಂದದ್ದು, ಬರೀ ನಡೆಯೋಕೆ ಬೇಜಾರು ಅಂತ ನಲವತ್ತೇಳನೇ ವಯಸ್ಸಿನಲ್ಲಿ ಕೋಲು ಹಿಡಿದದ್ದು. "ಕುಮಟೆಯ ಹುಡುಗಿ ಸಾಹುಕಾರರ ಆಟಕ್ಕೆ ಹೋದಳಪ್ಪೋ" ಅಂತ ಇಲ್ಲೇ ಕಾಲೆಳೆದವರೂ ಇದ್ದೀರಿ. ಎಳೆಯಿರಿ. ಖಾರ್‌ಘರ್‌ನಲ್ಲಿ ನವಿ ಮುಂಬಯಿ ಕಟ್ಟಿದ ಸರ್ಕಾರಿ ಸಂಸ್ಥೆ ಸಿಡ್ಕೋ ಮಾಡಿದ ಮೈದಾನ ಇದೆ. ಗುಡ್ಡದ ಬುಡದಲ್ಲಿ. ದುಡ್ಡು ಕೊಟ್ಟರೆ ನಮ್ಮಂಥವರೂ ಆಡಬಹುದು. ನಾನು ಆಡೋದು ಅಲ್ಲಿ. ಡ್ರೈವರ್ ಅಂದರೆ ಎಲ್ಲಕ್ಕಿಂತ ದೂರ ಹೊಡೆಯುವ ಕೋಲು. ನನ್ನ ಡ್ರೈವರ್ ಹೊಡೆತ ಒಳ್ಳೆಯ ದಿನ 140 ಯಾರ್ಡ್ ಹೋಗುತ್ತದೆ. ಕೆಟ್ಟ ದಿನದ ಲೆಕ್ಕ ಕೇಳಬೇಡಿ.

ಭಾನುವಾರ ಹೋದದ್ದು ಪುಣೆ ಕಡೆಯ ಒಂದು ಮೈದಾನಕ್ಕೆ. ಹೆಸರು ಹೇಳುವುದಿಲ್ಲ. ಹಿಂದೆ ನಮಗೆ ದೊಡ್ಡ ಸಾಹೇಬರಾಗಿದ್ದವರು ಈಗ ಅಲ್ಲಿ ಮೆಂಬರು. "ಬಾರಮ್ಮ, ನಿಜವಾದ ಗಾಲ್ಫ್ ಏನು ಅಂತ ನೋಡುವಿಯಂತೆ" ಅಂದರು. ಬೆಳಿಗ್ಗೆ ನಾಲ್ಕಕ್ಕೆ ಎದ್ದು ಹೋದೆ. ನೋಡಲು ಏನು ಚಂದ ಅಂತೀರಿ! ಹುಲ್ಲಿನ ಮೇಲೆ ಕಾಲಿಡಲು ಸಂಕೋಚ. ಕೆರೆ, ಕೆರೆಯಲ್ಲಿ ಕಾರಂಜಿ, ಕಾರಂಜಿ ಹಿಂದೆ ಬಂಗಲೆಗಳ ಸಾಲು. ನಾನೇ ಫೋಟೊ ಹಾಕಿದ್ದೆ, ನೀವು ಎಪ್ಪತ್ತು ಜನ ಲೈಕ್ ಒತ್ತಿದಿರಿ. ದಯವಿಟ್ಟು ಆ ಲೈಕುಗಳನ್ನು ವಾಪಸ್ ತಗೊಳ್ಳಿ.

ಐದನೇ ಹೋಲ್. ಹೋಲ್ ಅಂದರೆ ಟೀಯಿಂದ, ಅಂದರೆ ಮೊದಲ ಹೊಡೆತದ ಜಾಗದಿಂದ, ಗುಳಿಯವರೆಗಿನ ಒಂದು ಆಟ. ಆದಷ್ಟು ಕಡಿಮೆ ಹೊಡೆತದಲ್ಲಿ ಮುಗಿಸಬೇಕು. ಟೀ ಮೇಲೆ ನಿಂತರೆ ಎದುರಿಗೆ ನೀರು. ಎಡಕ್ಕೆ ಬಂಗಲೆಗಳ ಕಾಂಪೌಂಡು, ಬಲಕ್ಕೆ ಕಲ್ಲುಬಂಡೆ. ಹೆಂಗಸರ ಟೀ ಮುಂದೆ ಇದೆ ಅಂತ ಬೋರ್ಡು ಹಾಕಿದ್ದಾರೆ. ಮುಂದೆ ಅಂದರೆ ಗಂಡಸರ ಟೀಯಿಂದ ಹತ್ತು ಹೆಜ್ಜೆ. ಅಲ್ಲಿಂದಲೂ ಆಚೆ ದಡ ಮುಟ್ಟಲು ಚೆಂಡು 130 ಯಾರ್ಡ್ ಗಾಳಿಯಲ್ಲೇ ಹೋಗಬೇಕು. ನನ್ನ 140ರಲ್ಲಿ ಕೊನೆಯ ಮೂವತ್ತು ನೆಲದ ಮೇಲೆ ಉರುಳಿದ್ದು ಸ್ವಾಮಿ. ಅಂದರೆ ನಾನು ಜೀವಮಾನದ ಹೊಡೆತ ಹೊಡೆದರೂ ಬೀಳೋದು ನೀರಿಗೇ. ಮೂರು ಹೊಡೆದೆ. ಮೂರೂ ಮುಳುಗಿದವು. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಬಂಗಲೆಯ ಬಾಲ್ಕನಿಯಲ್ಲಿ ಚಹಾ ಕುಡಿಯುತ್ತಿದ್ದವರೊಬ್ಬರು ಮೂರನ್ನೂ ಎಣಿಸಿದರು. ತುಟಿ ಅಲ್ಲಾಡಿದ್ದು ನೋಡಿದೆ.

ನನ್ನ ಸಿಟ್ಟು ಇಷ್ಟೇ. ನೀರು ಇಡಿ, ಬಂಕರ್ ಅನ್ನುವ ಮರಳಗುಂಡಿ ಇಡಿ, ಬೇಕಾದರೆ ಹುಲಿ ಕಟ್ಟಿ. ಆದರೆ ಸುತ್ತಿ ಹೋಗಲು ಒಂದು ದಾರಿ ಬಿಡಿ. ಧೈರ್ಯ ಇದ್ದವರು ನೀರು ದಾಟಲಿ, ಅವರಿಗೆ ಒಂದು ಹೊಡೆತ ಉಳಿಯಲಿ. ನನ್ನಂಥವರು ಪಕ್ಕದಿಂದ ಬಳಸಿ ಹೋಗಲಿ, ಒಂದು ಹೊಡೆತ ಜಾಸ್ತಿ ಆಗಲಿ. ನಮ್ಮೂರ ಕಡೆ ತದಡಿಯಿಂದ ಅಘನಾಶಿನಿಗೆ ದೋಣಿಯಲ್ಲಿ ದಾಟಿದರೆ ಬೇಗ. ನೀರಿಗೆ ಹೆದರುವವರು ರಸ್ತೆ ಹಿಡಿದು ಸುತ್ತಿ ಬರುತ್ತಾರೆ. ದೋಣಿ ಹತ್ತದಿದ್ದರೆ ಈಜಿಕೊಂಡು ಹೋಗು ಅಂತ ಅಲ್ಲಿ ಯಾರೂ ಹೇಳುವುದಿಲ್ಲ. ಪುಣೆಯ ಈ ಮೈದಾನದವರು ಹೇಳುತ್ತಾರೆ.

ಹೀಗಂದಿದ್ದಕ್ಕೆ ಸಾಹೇಬರು ನಕ್ಕರು. "ಕಷ್ಟ ಇದ್ದರೇ ಆಟಮ್ಮ. ಇಲ್ಲಾಂದ್ರೆ ಮನೆಯಲ್ಲಿ ಕೂತು ಕೇರಂ ಆಡಬಹುದು." ಸರಿ, ಅವರ ಮಾತನ್ನೂ ಯೋಚಿಸಿದೆ. ಸುಮಾರು ಎರಡು ನಿಮಿಷ. ಕಷ್ಟ ಬೇರೆ, ಶಿಕ್ಷೆ ಬೇರೆ ಸಾಹೇಬರೇ. ಕಷ್ಟ ಅಂದರೆ ತಲೆ ಓಡಿಸಬೇಕು. ನಿಮ್ಮ ಕೆರೆ ಮುಂದೆ ತಲೆ ಓಡಿಸಲು ಏನಿದೆ? ದಾರಿ ಒಂದೇ. ಹೊಡಿ, ಮುಳುಗಿಸು, ಪೆನಾಲ್ಟಿ ಬರ್ಕೋ. ಅಂದಹಾಗೆ ಸಾಹೇಬರೂ ಆ ಕೆರೆಗೆ ಎರಡು ದಾನ ಮಾಡಿದರು. ಆಗ ಮಾತ್ರ ಗಾಳಿ ಜೋರಾಗಿತ್ತಂತೆ.

ಇಂಥ ಕೆರೆಗಳಿಗೆಲ್ಲ ಒಂದು ಮೂಲ ಇದೆ. ಅಮೆರಿಕದ ಫ್ಲಾರಿಡಾದಲ್ಲಿ ಸಾಗ್ರಾಸ್ ಅಂತ ಮೈದಾನ. 1980ರಲ್ಲಿ ಶುರುವಾಯಿತು. ಅದರ 17ನೇ ಹೋಲಿನಲ್ಲಿ ಗ್ರೀನ್, ಅಂದರೆ ಗುಳಿ ಇರುವ ನುಣ್ಣನೆಯ ಹುಲ್ಲಿನ ಜಾಗ, ನಡುನೀರಿನಲ್ಲಿದೆ. ಟಿವಿಯಲ್ಲಿ ನೀವೂ ನೋಡಿರಬಹುದು. ಮೈದಾನ ಕಟ್ಟುವಾಗ ಆ ಜಾಗದಲ್ಲಿ ಒಳ್ಳೆಯ ಮರಳು ಸಿಕ್ಕಿತು. ಬೇರೆ ಹೋಲುಗಳಿಗೆ ಬೇಕು ಅಂತ ತೋಡುತ್ತಾ ಹೋಗಿ ದೊಡ್ಡ ಗುಂಡಿ ಬಿತ್ತು. ನಕ್ಷೆ ಮಾಡಿದ ಪೀಟ್ ಡೈ ತಲೆ ಮೇಲೆ ಕೈ ಹೊತ್ತಾಗ, ಸುತ್ತ ನೀರು ತುಂಬಿಸಿ ನಡುವೆ ಗ್ರೀನ್ ಮಾಡು ಅಂದವಳು ಅವನ ಹೆಂಡತಿ ಆಲಿಸ್ ಡೈ. ಅವಳು ತಾನೂ ಒಳ್ಳೆಯ ಆಟಗಾರ್ತಿ, ತಾನೂ ಮೈದಾನ ಕಟ್ಟುವವಳು. ಇದೇ ಆಲಿಸ್ ವರ್ಷಗಟ್ಟಲೆ ಇನ್ನೊಂದು ಮಾತೂ ಹೇಳಿದಳು. ಹೆಂಗಸರ ಟೀಗಳನ್ನು ಇನ್ನೂ ಮುಂದಕ್ಕೆ ತನ್ನಿ, ಅವರ ಹೊಡೆತ ಎಷ್ಟು ದೂರ ಹೋಗುತ್ತದೋ ಅದಕ್ಕೆ ಸರಿಯಾಗಿ ಇಡಿ ಅಂತ. ನಮ್ಮವರು ಅವಳ ನೀರನ್ನು ತಂದರು. ಟೀ ಮಾತ್ರ ತರಲಿಲ್ಲ. ನೀರು ಫೋಟೊದಲ್ಲಿ ಚಂದ ಕಾಣುತ್ತದೆ ನೋಡಿ.

ಉಳಿದ ಆರು ಚೆಂಡು ಹೋದದ್ದು ರಫ್‌ನಲ್ಲಿ. ಫೇರ್‌ವೇ ಅಂದರೆ ಹುಲ್ಲು ಕತ್ತರಿಸಿದ ದಾರಿ ನಮ್ಮ ಕಾಲೋನಿಯ ರಸ್ತೆಯಷ್ಟೇ ಅಗಲ. ಅದರಾಚೆ ಮೊಣಕಾಲುದ್ದ ಹುಲ್ಲು, ಅದೇ ರಫ್. ಇಲ್ಲೇ ಬಿತ್ತು ಅಂತ ಕಣ್ಣಾರೆ ಕಂಡ ಚೆಂಡೂ ಸಿಗುವುದಿಲ್ಲ. ಆಟದ ನಿಯಮದಲ್ಲಿ 2019ರಿಂದ ಹುಡುಕಲು ಮೂರೇ ನಿಮಿಷ. ಮೊದಲು ಐದಿತ್ತು. ಮೂರು ನಿಮಿಷ ನಾಲ್ಕು ಜನ ಬಗ್ಗಿ, ಕಾಲಲ್ಲಿ ಹುಲ್ಲು ಸರಿಸುತ್ತಾ, ಹಾವಿದ್ದರೆ ಅಂತ ಹೆದರುತ್ತಾ... ಇದಕ್ಕೆ ಆಟ ಅಂತಾರಾ? ಅಮೆರಿಕದ ಅಗಸ್ಟಾ ಮೈದಾನವನ್ನು ಆಟಗಾರ ಬಾಬಿ ಜೋನ್ಸ್ ಜೊತೆ ಸೇರಿ ರೂಪಿಸಿದ ಅಲಿಸ್ಟರ್ ಮೆಕೆಂಜಿ ಮೂಲತಃ ಡಾಕ್ಟರು. ಚೆಂಡು ಹುಡುಕುವ ಕಿರಿಕಿರಿ ಇರಲೇಬಾರದು ಅಂತ ಅವನು 1920ರಲ್ಲೇ ಬರೆದಿದ್ದ. ನೂರು ವರ್ಷ ದಾಟಿತು. ನಾವಿನ್ನೂ ಹುಲ್ಲು ಸರಿಸುತ್ತಿದ್ದೇವೆ.

ಮತ್ತೆ ಆ ಕಾರ್ಟು, ಕೂತು ಹೋಗುವ ಪುಟ್ಟ ಗಾಡಿ! ನಡೆಯುವ ಹಾಗಿಲ್ಲವಂತೆ, ಕಾರ್ಟ್ ಕಡ್ಡಾಯ. ಒಂದು ಗ್ರೀನ್‌ನಿಂದ ಮುಂದಿನ ಟೀಗೆ ಅಷ್ಟು ದೂರ, ನಡುವೆ ಬಂಗಲೆಗಳನ್ನು ಮಾರಬೇಕಲ್ಲ. ನಾನು ಈ ಆಟಕ್ಕೆ ಬಂದದ್ದೇ ಮಂಡಿಗೆ ನಡಿಗೆ ಸಿಗಲಿ ಅಂತ. ಐದೂವರೆ ಗಂಟೆ ಕಾರ್ಟಿನಲ್ಲಿ ಕೂತು, ಪಕ್ಕದವರ ಮ್ಯೂಚುವಲ್ ಫಂಡ್ ಪುರಾಣ ಕೇಳಿ ಬಂದೆ.

ಖಾರ್‌ಘರ್‌ನಲ್ಲಿ ನನ್ನ ಚೀಲ ಹೊರುವವನು ಇಂಡಿ ತಾಲ್ಲೂಕಿನವನು. ನಾನು ಕನ್ನಡದವಳು ಅಂತ ಗೊತ್ತಾದ ದಿನದಿಂದ ಅಕ್ಕಾರ ಅಂತಲೇ ಕರೆಯುತ್ತಾನೆ. ನಾನು ಜಂಭದಲ್ಲಿ ದೊಡ್ಡ ಕೋಲು ಎಳೆದರೆ ತಲೆ ಅಲ್ಲಾಡಿಸುತ್ತಾನೆ. "ಅಕ್ಕಾರ, ಆ ಕಡೆ ನೋಡಬ್ಯಾಡ್ರಿ. ಎಡಕ್ಕ ಸಣ್ಣಗ ಹೊಡೀರಿ. ಒಂದು ಹೊಡ್ತ ಹೆಚ್ಚಾದ್ರ ಏನಾತು, ಚೆಂಡರ ನಮ್ಮ ಕಡೆ ಇರ್ತದ." ಭಾನುವಾರ ಪ್ರತಿ ಹೋಲಿನಲ್ಲೂ ಅವನ ನೆನಪಾಯಿತು. ಅವನು ಅಲ್ಲಿಗೆ ಬಂದಿದ್ದರೂ ಏನು ಮಾಡುತ್ತಿದ್ದ ಪಾಪ. ಎಡ ಅಂತ ಒಂದು ಇದ್ದರೆ ತಾನೇ ಎಡಕ್ಕೆ ಹೊಡೀರಿ ಅನ್ನೋದು?

ಮಗಳು ಎಡಿನ್‌ಬರೋದಲ್ಲಿ ಓದುತ್ತಿದ್ದಾಗ ಸ್ಕಾಟ್ಲೆಂಡಿನ ಸೇಂಟ್ ಆಂಡ್ರ್ಯೂಸ್‌ಗೆ ಹೋಗಿದ್ದೆನಲ್ಲ, ಆಗ ಫೋಟೊ ಹಾಕಿ ನಿಮ್ಮ ತಲೆ ತಿಂದಿದ್ದೆ. ಗಾಲ್ಫಿನ ತವರುಮನೆ. ಹದಿನೆಂಟು ಹೋಲಿನ ಲೆಕ್ಕ ಶುರುವಾದದ್ದೇ ಅಲ್ಲಿ, 1764ರಲ್ಲಿ. ಅಲ್ಲಿಯ ಹಳೆಯ ಮೈದಾನ ಓಲ್ಡ್ ಕೋರ್ಸಿನಲ್ಲಿ ಭಾನುವಾರ ಸಾಮಾನ್ಯವಾಗಿ ಆಟ ಇಲ್ಲ. ಊರವರು ನಾಯಿ ಕರೆದುಕೊಂಡು ಅಡ್ಡಾಡುತ್ತಾರೆ. ನಾನೂ ಚಪ್ಪಲಿಯಲ್ಲೇ ಅಡ್ಡಾಡಿದೆ. ಮೊದಲು ನಿರಾಸೆ. ಬೋಳು ಬಯಲು. ಹುಲ್ಲು ಅರ್ಧ ಕಂದು. ನಮ್ಮೂರ ಗೋಮಾಳ ಇದಕ್ಕಿಂತ ಚೆನ್ನಾಗಿದೆ ಅನ್ನಿಸಿತು. ಆಮೇಲೆ ಒಂದೊಂದೇ ಕಂಡಿತು. ಒಂದನೇ ಹೋಲ್ ಮತ್ತು ಹದಿನೆಂಟನೇ ಹೋಲ್ ಒಂದೇ ಬಯಲಲ್ಲಿ ಅಕ್ಕಪಕ್ಕ. ಅಷ್ಟು ಅಗಲದಲ್ಲಿ ಕಣ್ಣುಮುಚ್ಚಿ ಹೊಡೆದರೂ ಚೆಂಡು ಸಿಗುತ್ತದೆ. ಬಂಕರ್ ನೂರಕ್ಕೂ ಹೆಚ್ಚಿವೆ, ಆದರೆ ಪಕ್ಕದಲ್ಲಿ ಜಾಗ ಇದೆ. 17ನೇ ಹೋಲಿನಲ್ಲಿ ಬಲಕ್ಕೆ ಹೋಟೆಲಿನ ಮೂಲೆ. ಅದರ ಮೇಲೆ ಹಾರಿಸುವ ಎದೆ ಇದ್ದರೆ ಮುಂದಿನ ಹೊಡೆತ ಸಲೀಸು. ಇಲ್ಲದಿದ್ದರೆ ಎಡಕ್ಕೆ ಹೊಡೆದು ಬದುಕಿಕೊಳ್ಳಿ, ಆದರೆ ಅಲ್ಲಿಂದ ಗ್ರೀನಿಗೆ ಹೋಗುವಾಗ ಒಂದು ಆಳದ ಬಂಕರ್ ಬಾಯಿ ತೆರೆದು ಕೂತಿರುತ್ತದೆ. ನೀರೂ ಇದೆ. ಒಂದನೇ ಗ್ರೀನಿನ ಮುಂದೆ ಸಣ್ಣ ತೋಡು. ದಂಡೆವರೆಗೆ ಹೋಗಿ ಮೆಲ್ಲಗೆ ಒಂದು ಸಣ್ಣ ಹೊಡೆತದಲ್ಲಿ ಎತ್ತಿ ಹಾಕಿದರೆ ಯಾರು ಬೇಕಾದರೂ ದಾಟಬಹುದು.

ಅಲ್ಲೇ ಪಕ್ಕದಲ್ಲಿ ಹಿಮಾಲಯಾಸ್ ಅಂತ ಒಂದು ಜಾಗ. ಬರೀ ಚೆಂಡು ಉರುಳಿಸುವ ಕೋಲು ಪಟ್ಟರ್‌ನಲ್ಲಿ ಆಡುವುದು. 1867ರಲ್ಲಿ ಹೆಂಗಸರು ಕಟ್ಟಿಕೊಂಡ ಕ್ಲಬ್ಬಿನದು. ಕೋಲನ್ನು ಭುಜದ ಮೇಲೆ ಎತ್ತುವುದು ಹೆಂಗಸರಿಗೆ ಶೋಭೆಯಲ್ಲ ಅನ್ನುವ ಕಾಲ. ಹಾಗಾಗಿ ನೆಲದಲ್ಲೇ ಉರುಳಿಸಿಕೊಳ್ಳಿ ಅಂತ ಮೂಲೆಯಲ್ಲಿ ಜಾಗ ಸಿಕ್ಕಿತು. ಮೂಲೆಯೇ ಮಜವಾಯಿತು. ನೆಲವೆಲ್ಲ ಗುಡ್ಡ, ಹಳ್ಳ. ಒಂದೇ ಗುಳಿಗೆ ಐದು ದಾರಿ. ನಾನು ನೇರ ಹೊಡೆದೆ, ಚೆಂಡು ದಿಬ್ಬ ಹತ್ತಿ ತಿರುಗಿ ನನ್ನ ಕಾಲಿಗೇ ಬಂತು. ಎಂಬತ್ತು ದಾಟಿದ ಒಬ್ಬಜ್ಜಿ ಗುಳಿಗೆ ಬೆನ್ನು ಹಾಕಿದ ಹಾಗೆ ನಿಂತು ಬೇರೆಯೇ ದಿಕ್ಕಿಗೆ ಹೊಡೆದಳು. ಅದು ದಿಬ್ಬ ಬಳಸಿ, ಸುತ್ತು ಹಾಕಿ, ಗುಳಿಯ ಬಾಯಿಗೆ ಹೋಗಿ ನಿಂತಿತು. ನಾನೂ ಮಗಳೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಭಾನುವಾರ ಪುಣೆಯಲ್ಲಿ ಒಂದೇ ಒಂದು ಸಲ ನಗು ಬರಲಿಲ್ಲ.

ಒಂದು ತಪ್ಪೊಪ್ಪಿಗೆ ಇದೆ. ಬರೆಯಬಾರದು ಅಂದುಕೊಂಡಿದ್ದೆ. ಹದಿನಾಲ್ಕನೇ ಹೋಲಿನಲ್ಲಿ, ಏಳು ಚೆಂಡು ಹೋದ ಮೇಲೆ, ರಫ್‌ನಲ್ಲಿ ಸಿಕ್ಕಿದ ನನ್ನ ಚೆಂಡನ್ನು ಬೂಟಿನಿಂದ ಮೆಲ್ಲಗೆ ಹೊರಗೆ ತಳ್ಳಿದೆ. ಹತ್ತು ವರ್ಷದಲ್ಲಿ ಮೊದಲ ಸಲ. ಯಾರೂ ನೋಡಲಿಲ್ಲ. ಆದರೂ ಮುಂದಿನ ಎರಡು ಹೋಲ್ ಕೈ ನಡುಗುತ್ತಿತ್ತು. ಕೌಂಟರಿನಲ್ಲಿ ಇಪ್ಪತ್ತೆಂಟು ವರ್ಷ ಒಂದು ರೂಪಾಯಿ ಆಚೀಚೆ ಮಾಡದವಳು! ಮೈದಾನದ ತಪ್ಪು ಅಂತ ಹೇಳಲಾರೆ, ಬೂಟು ನನ್ನದೇ. ಮೈದಾನಕ್ಕೂ ಸ್ವಲ್ಪ ಪಾಲು ಕೊಡಬೇಕು ಅಷ್ಟೇ.

ಈಗ ನಿನ್ನೆಯ ಕಥೆ.

ಬ್ಲೌಸ್ ಇಸ್ಕೊಂಡು ಬರೋಣ ಅಂತ ಟೇಲರ್ ಅಂಗಡಿಗೆ ಹೊರಟಿದ್ದೆ. ಅದು ಇರೋದು ಚೆಂಬೂರಿನ ಗಾಲ್ಫ್ ಕ್ಲಬ್ಬಿಗೆ ಹತ್ತಿರದ ಜೋಪಡಿ ಕೇರಿಯಲ್ಲಿ. ಗಲ್ಲಿಯಲ್ಲಿ ನಾಲ್ಕು ಜನ ನಿಂತು ಭಾರೀ ಚರ್ಚೆ ಮಾಡುತ್ತಿದ್ದರು. ಕೈಯಲ್ಲಿ ಕಬ್ಬಿಣದ ಸರಳು. ಹೆದರಿ ಹಿಂದೆ ಸರಿದೆ. ನೋಡಿದರೆ ಸರಳಿನ ತುದಿ ಬಗ್ಗಿಸಿದೆ, ಹಿಡಿಗೆ ಸೈಕಲ್ ಟ್ಯೂಬ್ ಸುತ್ತಿದೆ. ಗಾಲ್ಫ್! ಎಲ್ಲರೂ ಕ್ಲಬ್ಬಿನ ಕ್ಯಾಡಿಗಳು. ಹಗಲು ಬೇರೆಯವರ ಚೀಲ ಹೊತ್ತು, ಸಂಜೆ ತಮ್ಮ ಆಟ. ಚೆಂಬೂರಿನ ಈ ಗಲ್ಲಿ ಗಾಲ್ಫ್ ಬಗ್ಗೆ ಕೇಳಿದ್ದೆ, ಕಣ್ಣಾರೆ ಕಂಡಿರಲಿಲ್ಲ.

ಪ್ಲಾಸ್ಟಿಕ್ ಚೆಂಡು. ಗುಳಿ ಇರುವುದು ಗಲ್ಲಿಯ ತಿರುವಿನಾಚೆ, ಟೈಲ್ಸ್ ಕಿತ್ತುಹೋದ ಜಾಗದಲ್ಲಿ. ನಡುವೆ ಒಂದು ಪತ್ರಾ ಶೆಡ್ಡು, ಅಂದರೆ ತಗಡಿನದು. ಅದರ ಮೇಲೆ ಹಾರಿಸಿದರೆ ಒಂದೇ ಹೊಡೆತಕ್ಕೆ ಗುಳಿಯ ಹತ್ತಿರ. ಚೆಂಡು ಪತ್ರಾ ಮೇಲೆ ನಿಂತರೆ ಒಂದು ಪೆನಾಲ್ಟಿ, ಮೇಲಿಂದ ಹತ್ತಿ ತೆಗೆಯುವುದೂ ನೀನೇ. ಇನ್ನೊಂದು ದಾರಿ, ನೀರಿನ ಡ್ರಮ್ಮಿನ ಪಕ್ಕದ ಗೋಡೆಗೆ ಬಡಿದು ತಿರುವಿನಲ್ಲಿ ತಿರುಗಿಸುವುದು. ಎರಡು ಹೊಡೆತ ಬೇಕು, ಗೋಡೆ ಬುಡದಲ್ಲಿ ಗಟಾರವೂ ಇದೆ. ಅರವತ್ತು ಅಡಿಯ ಗಲ್ಲಿಯಲ್ಲಿ ಎರಡು ದಾರಿ! ಪುಣೆಯವರಿಗೆ ಅಷ್ಟು ಎಕರೆಯಲ್ಲಿ ಒಂದಕ್ಕಿಂತ ಜಾಸ್ತಿ ಹೊಳೆಯಲಿಲ್ಲ.

ಸಣಕಲು ಹುಡುಗ ಶೆಡ್ಡಿನ ಮೇಲೆ ಹಾರಿಸಿದ. ಚೆಂಡು ಪತ್ರಾ ಅಂಚಿಗೆ ಟಣ್ ಅಂತ ಬಡಿದು ವಾಪಸ್ ಬಂತು. ತಲೆ ನರೆತವನು ಗೋಡೆಯ ಒಂದು ಕಲೆಯನ್ನೇ ನೋಡುತ್ತಾ ಎಷ್ಟೋ ಹೊತ್ತು ನಿಂತ. ಸರಳನ್ನು ಗಿಡ್ಡ ಹಿಡಿದ. ಮೆಲ್ಲಗೆ ಟಕ್. ಗೋಡೆಗೆ ಬಡಿದ ಚೆಂಡು ತಿರುವಿನಲ್ಲಿ ಮಾಯವಾಯಿತು. ಎಲ್ಲರೂ ಓಡಿದರು. ನಾನೂ ಓಡಿದೆ, ಮಂಡಿ ಮರೆತು.

ನಾನು ಕನ್ನಡದವಳು ಅಂತ ತಿಳಿದ ಮೇಲೆ ಆ ತಲೆ ನರೆತವನು ಕೇಳಿದ್ದು ಮುನಿಯಪ್ಪನ ಬಗ್ಗೆ. ಬೆಂಗಳೂರಿನಲ್ಲಿ ಕ್ಯಾಡಿಯಾಗಿದ್ದ ಸಿ. ಮುನಿಯಪ್ಪ 2009ರಲ್ಲಿ ಇಂಡಿಯನ್ ಓಪನ್ ಗಾಲ್ಫ್ ಪಂದ್ಯಾವಳಿ ಗೆದ್ದದ್ದು ಇಲ್ಲಿಯ ಹುಡುಗರಿಗೆಲ್ಲ ಬಾಯಿಪಾಠ. ಆಮೇಲೆ ಸರಳನ್ನು ನನ್ನ ಕೈಗೆ ಕೊಟ್ಟು "ಮಾರಿಯೆ ಮ್ಯಾಡಮ್" ಅಂದ. ಹೊಡೀರಿ ಅಂತ.

ನಾನು ಗೋಡೆ ದಾರಿ ಹಿಡಿದೆ. ಇಂಡಿಯವನ ಮಾತು ನೆನಪಿಟ್ಟು ಸಣ್ಣಗೆ ಹೊಡೆದೆ. ಚೆಂಡು ಗೋಡೆಗೆ ಬಡಿದು, ಡ್ರಮ್ಮಿಗೆ ಬಡಿದು, ಬಾಗಿಲಲ್ಲಿ ಬಟ್ಟೆ ಒಗೆಯುತ್ತಿದ್ದ ಮಾವಶಿಯ ಬಕೆಟ್ಟಿಗೆ ಬಿತ್ತು. ಡ್ರಾಪ್ ಕೊಟ್ಟು ಚೆಂಡನ್ನು ಹೊರಗೆ ಹಾಕಿಸಬೇಕೋ, ಬಕೆಟ್ಟಿನಿಂದಲೇ ಆಡಿಸಬೇಕೋ ಅಂತ ನಾಲ್ವರೂ ಜಗಳಕ್ಕೆ ಬಿದ್ದರು. ಮಾವಶಿ ಬೆಡ್‌ಶೀಟಿನ ಜೊತೆ ಚೆಂಡನ್ನೂ ಹಿಂಡಿ, ಸೆರಗಿನಲ್ಲಿ ಒರೆಸಿ, ತಾನೇ ಗುಳಿಯ ಹತ್ತಿರ ಇಟ್ಟು ಹೋದಳು.

ಬ್ಲೌಸ್ ಇನ್ನೂ ಆಗಿರಲಿಲ್ಲ. ಟೇಲರ್ ಶುಕ್ರವಾರ ಬನ್ನಿ ಅಂದಿದ್ದಾನೆ. ಶುಕ್ರವಾರವೂ ಆಗಿರಬಾರದು ಅಂತ ಆಸೆ.