ಕತ್ತಲಲ್ಲಿ ಕನ್ನಡಿ ನೋಡ್ತಾ ಕೂರೋದು ಆಧ್ಯಾತ್ಮ ಸಾಧನೆನಾ? ಪರ-ವಿರೋಧ

ಪರ

ಮೊದ್ಲೇ ಹೇಳ್ಬಿಡ್ತೀನಿ, ನಾನು ಮಾಟ ಮಂತ್ರ ಮಾಡೋಳಲ್ಲ, ನಮ್ಮನೇಗೆ ನಿಂಬೆಹಣ್ಣು ಬರೋದು ಚಿತ್ರಾನ್ನಕ್ಕೆ ಮಾತ್ರ. ಆದ್ರೆ ಎರಡು ವರ್ಷದಿಂದ ಶುಕ್ರವಾರ ರಾತ್ರಿ ಎಲ್ರೂ ಮಲಗಿದ್ಮೇಲೆ ರೂಮಿನ ಲೈಟ್ ಆರಿಸಿ, ಬೆನ್ನ ಹಿಂದೆ ಒಂದು ದೀಪ ಇಟ್ಕೊಂಡು, ಕಪ್ಪು ಕನ್ನಡಿ ಮುಂದೆ ಹತ್ತು ನಿಮಿಷ ಸುಮ್ನೆ ಕೂರ್ತೀನಿ. ಕಪ್ಪು ಕನ್ನಡಿ ಅಂದ್ರೆ ಏನೋ ಫಾರಿನ್ ಐಟಂ ಅಂದ್ಕೋಬೇಡಿ, ಹಳೇ ಫೋಟೋ ಫ್ರೇಮಿನ ಗಾಜು ತೆಗೆದು ಒಂದು ಮೈಗೆ ಕಪ್ಪು ಪೇಂಟ್ ಹೊಡೆದು, ಎರಡು ಕೋಟ್ ಒಣಗಿದ್ಮೇಲೆ ಪೇಂಟ್ ಹಿಂದಕ್ಕೆ ಬರೋ ಹಾಗೆ ತಿರುಗಿಸಿ ವಾಪಸ್ ಫ್ರೇಮಿಗೆ ಕೂರಿಸೋದು, ಮುಗೀತು. ಇಂಗ್ಲೆಂಡ್ ಅಮೆರಿಕದ ಕಡೆ ತಮ್ಮನ್ನ ತಾವೇ ವಿಚ್, ಅಂದ್ರೆ ಮಾಟಗಾತಿ, ಅಂತ ಹೇಳ್ಕೊಳ್ಳೋರಲ್ಲಿ ಬಹಳ ಜನ ಹೀಗೇ ಮನೇಲೇ ಮಾಡ್ಕೋತಾರೆ, ಬಳಸದೇ ಇರೋವಾಗ ಕಪ್ಪು ಬಟ್ಟೆ ಮುಚ್ಚಿಡ್ತಾರೆ. ನಾನು ಹಳೇ ರೇಷ್ಮೆ ಬ್ಲೌಸ್ ಪೀಸ್ ಮುಚ್ತೀನಿ.

ನಮ್ಮತ್ತೆಗೆ ಗೊತ್ತಾದಾಗ ಒಂದು ವಾರ ಮಾತುಕತೆ ಬಂದ್. "ರಾತ್ರಿ ಹೊತ್ತು ಕನ್ನಡಿ ನೋಡ್ಬಾರ್ದು ಕಣಮ್ಮ, ಮನೆಗೆ ಒಳ್ಳೇದಲ್ಲ" ಅಂತ. ನಾನು ಕೇಳ್ದೆ, ಅಲ್ಲ ಅತ್ತೆ, ವರಮಹಾಲಕ್ಷ್ಮಿ ದಿನ ಕಳಶದ ಹಿಂದೆ ಕನ್ನಡಿ ಇಡೋರು ಯಾರು ನೀವೇ ಅಲ್ವಾ? ಪೂಜೆ ಕೊನೇಲಿ ಭಟ್ಟರು ಛತ್ರ ಚಾಮರ ಎಲ್ಲಾ ಹೇಳಿ "ದರ್ಪಣಂ ದರ್ಶಯಾಮಿ" ಅನ್ನಲ್ವಾ? ನಿಮ್ಮ ತಂಗಿ ಮನೆ ಮಂಗಳೂರಲ್ಲಿ ಬಿಸು ದಿನ ಕಣಿ ಇಡ್ತಾರಲ್ಲ, ಅಕ್ಕಿ ತೆಂಗಿನಕಾಯಿ ಹಣ್ಣು ತರಕಾರಿ ಜೊತೆ ಒಂದು ಕನ್ನಡಿ, ಬೆಳಿಗ್ಗೆ ಕಣ್ಬಿಟ್ಟ ತಕ್ಷಣ ಆ ಸಮೃದ್ಧಿ ಮಧ್ಯ ಕಾಣೋದು ನಮ್ಮದೇ ಮುಖ, ಅದು ಸುಮ್ನೆ ಡೆಕೊರೇಷನ್ನಾ? ಅತ್ತೆ ಉತ್ತರ ಕೊಡ್ಲಿಲ್ಲ, ಕಾಫಿ ಮಾತ್ರ ಕೊಟ್ರು.

ಪುರಿ ಜಗನ್ನಾಥನ ವಿಷ್ಯ ಇದಕ್ಕಿಂತ ಚೆನ್ನಾಗಿದೆ. ಅಲ್ಲಿ ಮೂರ್ತಿಗಳು ಮರದ್ದು, ಮೇಲೆ ಬಣ್ಣ, ದಿನಾ ನೀರು ಸುರಿಯೋಕಾಗುತ್ತಾ? ಅದಕ್ಕೆ ದಿನನಿತ್ಯದ ಸ್ನಾನ ಕನ್ನಡೀಲಿ ಬೀಳೋ ಬಿಂಬಕ್ಕೆ. ಬಂಗಾಳದ ದುರ್ಗಾಪೂಜೆಲೂ ಅಷ್ಟೇ, ಮಣ್ಣಿನ ಮೂರ್ತಿ ಕರಗುತ್ತೆ ಅಂತ ಮಹಾಸ್ನಾನ ಕನ್ನಡಿಗೇ. ಬಿಂಬ ಅನ್ನೋದು ಬರೀ ಸುಳ್ಳು ಆಗಿದ್ರೆ ಆ ಅಭಿಷೇಕ ಯಾರಿಗೆ ಮಾಡಿದ ಹಾಗಾಯ್ತು? ನಾರಾಯಣ ಗುರುಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋದ್ರು. ನಮ್ಮ ಕುದ್ರೋಳಿ ಗೋಕರ್ಣನಾಥನನ್ನ 1912ರಲ್ಲಿ ಪ್ರತಿಷ್ಠೆ ಮಾಡಿದ ಅದೇ ಗುರುಗಳು, 1927ರಲ್ಲಿ ಕೇರಳದ ಚೇರ್ತಲ ಹತ್ರ ಕಳವಂಕೋಡಂ ದೇವಸ್ಥಾನದಲ್ಲಿ ಮೂರ್ತಿ ಬದಲು ಕನ್ನಡಿನೇ ಪ್ರತಿಷ್ಠೆ ಮಾಡಿದ್ರು. ನಮಸ್ಕಾರ ಮಾಡೋಕೆ ಹೋದ್ರೆ ಎದುರಿಗೆ ನೀನೇ. ಒಂದು ಕಾಲದಲ್ಲಿ ಗುಡಿ ಬಾಗಿಲಲ್ಲೇ ತಡೆದು ನಿಲ್ಲಿಸಿದ ಜನಕ್ಕೆ ಅದು ಏನು ಹೇಳಿರ್ಬೋದು ಅಂತ ಯೋಚನೆ ಮಾಡಿದಾಗೆಲ್ಲ ನಂಗೆ ಮೈ ಜುಂ ಅನ್ನುತ್ತೆ.

ಅದೆಲ್ಲ ಪೂಜೆ, ನೀನು ಮಾಡೋದು ಬೇರೆ ಅಂತೀರಾ, ಸರಿ. ಕಪ್ಪು ಕನ್ನಡಿ ವಿಷ್ಯಕ್ಕೇ ಬರೋಣ. ಮೆಕ್ಸಿಕೋದ ಆಸ್ಟೆಕ್ ಜನ ಅಬ್ಸಿಡಿಯನ್ ಅನ್ನೋ ಜ್ವಾಲಾಮುಖಿ ಗಾಜನ್ನ ಉಜ್ಜಿ ಉಜ್ಜಿ ಕನ್ನಡಿ ಮಾಡ್ತಿದ್ರು, ಅವರ ಒಬ್ಬ ದೊಡ್ಡ ದೇವರ ಹೆಸರು ಟೆಸ್ಕಾಟ್ಲಿಪೋಕಾ, ಅರ್ಥ ಹೊಗೆಯಾಡೋ ಕನ್ನಡಿ ಅಂತ. ಗ್ರೀಸಿನ ಪತ್ರಾಸ್ ಊರಲ್ಲಿ ಡಿಮೀಟರ್ ದೇವಿ ಗುಡಿ ಮುಂದೆ ಒಂದು ಚಿಲುಮೆ ಇತ್ತು, ಸಣ್ಣ ದಾರಕ್ಕೆ ಕನ್ನಡಿ ಕಟ್ಟಿ ಅದರ ಅಂಚು ಮಾತ್ರ ನೀರಿಗೆ ತಾಗೋ ಹಾಗೆ ಇಳಿಸಿ, ಪ್ರಾರ್ಥನೆ ಮಾಡಿ, ಧೂಪ ಹಾಕಿ ಆಮೇಲೆ ನೋಡೋದು, ಕಾಯಿಲೆಯವರು ಉಳೀತಾರಾ ಇಲ್ವಾ ಅಂತ ಅದರಲ್ಲಿ ಕಾಣ್ತಿತ್ತಂತೆ. ಎರಡನೇ ಶತಮಾನದಲ್ಲಿ ಪಾಸೇನಿಯಸ್ ಅನ್ನೋ ಪ್ರವಾಸಿ ಬರೆದಿಟ್ಟಿದ್ದಾನೆ. ನಂಗೆ ಇಷ್ಟ ಆಗಿದ್ದು ಏನಂದ್ರೆ ಅಲ್ಲಿ ಬೇರೆ ಪ್ರಶ್ನೆ ಕೇಳೋ ಹಾಗೇ ಇರ್ಲಿಲ್ಲ, ಕಾಯಿಲೆ ವಿಷ್ಯ ಒಂದೇ. ಕಳ್ಳ ಯಾರು, ಲಾಟರಿ ಹೊಡೆಯುತ್ತಾ ಅಂತೆಲ್ಲ ಕೇಳೋಕೆ ಕನ್ನಡಿ ಇಲ್ಲ. ನಂದೂ ಅದೇ ನಿಯಮ, ಇನ್ನೂ ಬಿಗಿ, ನಾನು ಏನೂ ಕೇಳೋದೇ ಇಲ್ಲ.

ಏನಾಗುತ್ತೆ ಅಂದ್ರೆ, ಒಂದೆರಡು ನಿಮಿಷಕ್ಕೆ ಮುಖ ಮಸುಕಾಗುತ್ತೆ, ಮೂಗು ಮಾಯ ಆಗುತ್ತೆ, ಕಣ್ಣು ಮಾತ್ರ ಉಳಿಯುತ್ತೆ, ಆಮೇಲೆ ಬೇರೆ ಯಾರೋ ಬರ್ತಾರೆ. ಇದು ದೆವ್ವ ಅಲ್ಲ ಅಂತ ನಂಗೂ ಗೊತ್ತು. ಇಟಲಿಯ ಜಿಯೊವಾನಿ ಕಪುಟೊ ಅನ್ನೋ ಮನೋವಿಜ್ಞಾನಿ 50 ಜನರನ್ನ ಒಬ್ಬೊಬ್ಬರನ್ನಾಗಿ ಮಂದ ಬೆಳಕಲ್ಲಿ, ಬೆನ್ನ ಹಿಂದೆ 25 ವ್ಯಾಟ್ ಬಲ್ಬ್ ಇಟ್ಟು, ಕನ್ನಡಿ ಮುಂದೆ 10 ನಿಮಿಷ ಕೂರಿಸಿ 2010ರಲ್ಲಿ ಬರೆದ್ರು. ನೂರಕ್ಕೆ 66 ಜನಕ್ಕೆ ತಮ್ಮ ಮುಖ ಸಿಕ್ಕಾಪಟ್ಟೆ ವಿಕಾರ ಆಗಿ ಕಾಣ್ತು, 48 ಜನಕ್ಕೆ ರಾಕ್ಷಸರ ಥರದ್ದು, 18 ಜನಕ್ಕೆ ಅಪ್ಪ ಅಥವಾ ಅಮ್ಮನ ಮುಖ. ಒಂದೇ ಕಡೆ ದಿಟ್ಟಿಸಿದ್ರೆ ಸುತ್ತಲಿನದ್ದು ಕಣ್ಣಿಂದ ಅಳಿಸಿ ಹೋಗುತ್ತೆ ಅಂತ ಟ್ರಾಕ್ಸ್ಲರ್ ಅನ್ನೋ ಸ್ವಿಸ್ ಡಾಕ್ಟರ್ 1804ರಲ್ಲೇ ಹೇಳಿದ್ರು, ಅಳಿಸಿದ ಜಾಗಾನ ಮಿದುಳು ತನಗೆ ತೋಚಿದ್ದರಿಂದ ತುಂಬುತ್ತೆ. ಇದನ್ನ ಹೇಳಿ ಜನ "ನೋಡಿದ್ರಾ, ಎಲ್ಲಾ ಭ್ರಮೆ" ಅಂತ ಗೆದ್ದ ಹಾಗೆ ನಗ್ತಾರೆ. ಕನಸು ಹೇಗೆ ಬೀಳುತ್ತೆ ಅಂತ ಗೊತ್ತಾದ್ರೆ ಕನಸಲ್ಲಿ ಅತ್ತಿದ್ದು ಸುಳ್ಳಾಗುತ್ತಾ?

ನಮ್ಮಮ್ಮ ತೀರ್ಕೊಂಡ ವರ್ಷ ನಾನು ಅಳ್ಲಿಲ್ಲ. ಕಾರ್ಯ, ಬ್ಯಾಂಕು, ಡೆತ್ ಸರ್ಟಿಫಿಕೇಟು, ಅಪ್ಪನ ಮಾತ್ರೆ, ಟೈಮ್ ಎಲ್ಲಿತ್ತು. ಕನ್ನಡಿ ಮುಂದೆ ಕೂರೋಕೆ ಶುರು ಮಾಡಿದ ನಾಲ್ಕನೇ ಶುಕ್ರವಾರ ನನ್ನ ದವಡೆ ಅಮ್ಮನ ದವಡೆ ಆಯ್ತು, ಸ್ವಲ್ಪ ಓರೆಯಾಗಿ, ಕೊನೇ ದಿನಗಳಲ್ಲಿ ಹಲ್ಲಿನ ಸೆಟ್ ತೆಗೆದಾಗ ಇರ್ತಿತ್ತಲ್ಲ ಹಾಗೆ. ಅಮೆರಿಕದ ರೇಮಂಡ್ ಮೂಡಿ ಅನ್ನೋ ಡಾಕ್ಟರ್ 1990ರ ದಶಕದಲ್ಲಿ ಇದಕ್ಕೇ ಅಂತ ಒಂದು ಕೋಣೆ ಮಾಡಿಸಿದ್ರು, ಮಂದ ಬೆಳಕು, ಕಪ್ಪು ಪರದೆ, ಕೂತವರ ಮುಖ ಕಾಣದ ಹಾಗೆ ಎತ್ತರದಲ್ಲಿ ಕನ್ನಡಿ, ಸತ್ತವರ ನೆನಪಲ್ಲಿ ಒದ್ದಾಡೋರು ಅಲ್ಲಿ ಬಂದು ಕೂರ್ತಿದ್ರು. ಅಲ್ಲಿ ಯಾರು ನಿಜವಾಗಿ ಬಂದ್ರು ಬಿಟ್ರು ಅನ್ನೋ ಚರ್ಚೆ ನಂಗೆ ಬೇಡ. ನಂಗೆ ಅಳು ಬಂತು, ಹದಿನಾಲ್ಕು ತಿಂಗಳ ಮೇಲೆ, ಬ್ಲೌಸ್ ಪೀಸಲ್ಲೇ ಮೂಗು ಒರೆಸ್ಕೊಂಡೆ.

ವಿರೋಧ

ಮೇಲೆ ಬರೆದ ಅಕ್ಕನ ಮೇಲೆ ನಂಗೇನೂ ಸಿಟ್ಟಿಲ್ಲ. ಅಳು ಬರ್ಲಿ, ಒಳ್ಳೇದೇ. ಆದ್ರೆ "ನಾನು ಏನೂ ಕೇಳೋದೇ ಇಲ್ಲ" ಅಂದ್ರಲ್ಲ, ಇಡೀ ತಕರಾರು ಇರೋದೇ ಅಲ್ಲಿ, ಯಾಕಂದ್ರೆ ಕನ್ನಡಿ ಮುಂದೆ ಕೂರ್ಸೋರು ಎಲ್ಲಾ ಕಡೆ ಕೇಳೇ ಕೇಳ್ತಾರೆ. ನನ್ನನ್ನೂ ಕೇಳಿದ್ರು.

1994ರ ಬೇಸಿಗೆ ರಜ. ತರೀಕೆರೆ ಹತ್ರದ ಅಜ್ಜಿ ಊರು, ನಂಗೆ ಒಂಬತ್ತು ವರ್ಷ. ಅತ್ತೆಯ ಬೆಂಡೋಲೆ ಒಂದು ಕಾಣೆ ಆಯ್ತು, ಎರಡು ದಿನ ಹುಡುಕಾಟ ಆದ್ಮೇಲೆ ಮಾವ ಅಂಜನ ಹಾಕೋರನ್ನ ಕರ್ಕೊಂಡು ಬಂದ್ರು. ಕಾಲು ಮುಂದಾಗಿ ಹುಟ್ಟಿದೋರಿಗೆ ಅಂಜನ ಕಾಣುತ್ತೆ ಅಂತ ನಂಬಿಕೆ, ನಾನು ಕಾಲು ಮುಂದಾಗಿ ಹುಟ್ಟಿದೋನು, ಇಡೀ ಮನೆಗೆ ಗೊತ್ತು. ಒಂದು ವೀಳ್ಯದೆಲೆ, ಅದರ ಮೇಲೆ ಹರಳೆಣ್ಣೆ ಬೆರೆಸಿದ ಕಾಡಿಗೆ ದಪ್ಪಕ್ಕೆ ಬಳಿದು, ದೀಪದ ಬೆಳಕು ಹೊಳೆಯೋ ಹಾಗೆ ನನ್ನ ಕೈಗೆ ಕೊಟ್ರು. ಅದೂ ಕಪ್ಪು ಕನ್ನಡಿನೇ ಬಿಡಿ, ಫ್ರೇಮ್ ಇಲ್ಲ ಅಷ್ಟೇ.

"ಏನ್ ಕಾಣ್ತಿದೆ ಮಗಾ?" "ಏನೂ ಇಲ್ಲ." "ಸರಿಯಾಗ್ ನೋಡೋ, ಹನುಮಪ್ಪ ಬರ್ತಾನೆ, ಬಂದು ಕಸ ಗುಡಿಸ್ತಾನೆ." ನಂಗೆ ಕಾಣ್ತಿದ್ದುದು ನನ್ನ ಮೂಗು. ಮತ್ತೆ ಕೇಳಿದ್ರು, ಮತ್ತೆ ಇಲ್ಲ ಅಂದೆ, ಸುತ್ತ ಹದಿನೈದು ಜನ ಉಸಿರು ಬಿಗಿಹಿಡ್ಕೊಂಡು ಕೂತಿದ್ದಾರೆ, ಅತ್ತೆ ಮುಖ ನೋಡಕ್ಕಾಗ್ತಿಲ್ಲ, ಕಾಲು ಜೋಮು ಹಿಡಿದಿದೆ. ಮೂರನೇ ಸಲ "ಹೂಂ, ಗುಡಿಸ್ತಿದಾನೆ" ಅಂದೆ. ಎಲ್ರೂ ಒಟ್ಟಿಗೆ ಉಸಿರು ಬಿಟ್ರು ನೋಡಿ, ಆ ಸದ್ದು ಇವತ್ತಿಗೂ ಕಿವೀಲಿದೆ. ಆಮೇಲೆ ಸಲೀಸಾಯ್ತು. "ಹೆಂಗಸೋ ಗಂಡಸೋ?" ಅವರ ದನಿಯಲ್ಲೇ ಉತ್ತರ ಇತ್ತು, ಹೆಂಗಸು ಅಂದೆ. "ಹಸಿರು ಸೀರೆ ಕಾಣ್ತಿದ್ಯೇನೋ?" ಹೂಂ ಅಂದೆ. ಮನೆಗೆ ಪಾತ್ರೆ ತಿಕ್ಕೋಕೆ ಬರೋ ಹೆಂಗಸು ಅವತ್ತು ಉಟ್ಟಿದ್ದು ಹಸಿರು ಸೀರೆ, ಅದು ಅಂಜನದವರಿಗೆ ಹೇಗೆ ಗೊತ್ತು ಅಂತ ಯಾರೂ ಕೇಳ್ಲಿಲ್ಲ, ಅವರು ಬಂದಾಗ ಆಯಮ್ಮ ಜಗಲೀಲೇ ಇದ್ರು.

ದೊಡ್ಡೋನಾದ್ಮೇಲೆ ಎಡ್ವರ್ಡ್ ಲೇನ್ ಅನ್ನೋ ಇಂಗ್ಲಿಷಿನವನು 1836ರಲ್ಲಿ ಈಜಿಪ್ಟ್ ಬಗ್ಗೆ ಪ್ರಕಟಿಸಿದ್ದು ಓದಿ ಬೆಚ್ಚಿಬಿದ್ದೆ. ಕೈರೋದಲ್ಲಿ ಒಬ್ಬ ಜಾದೂಗಾರ ಎಂಟೊಂಬತ್ತು ವರ್ಷದ ಹುಡುಗನ ಅಂಗೈಲಿ ಶಾಯಿ ಸುರಿದು ಅದನ್ನೇ ನೋಡು ಅಂತಾನೆ, ಹುಡುಗ ಮೊದ್ಲು ಏನೂ ಇಲ್ಲ ಅಂತಾನೆ, ಆಮೇಲೆ ನಡುಗ್ತಾ "ಒಬ್ಬ ನೆಲ ಗುಡಿಸ್ತಿದ್ದಾನೆ" ಅಂತಾನೆ. ಅಲ್ಲೂ ಕಸ ಗುಡಿಸೋನೇ! ತರೀಕೆರೆಯಲ್ಲಿ ಹನುಮಪ್ಪ, ಕೈರೋದಲ್ಲಿ ಬೇರೆ ಯಾರೋ, ಕೆಲಸ ಮಾತ್ರ ಅದೇ. ಅಲ್ಲಿಂದ ಮುಂದಕ್ಕೆ ಜಾದೂಗಾರ "ಬಾವುಟ ತಗೊಂಡ್ ಬಾ ಅನ್ನು" ಅಂತ ಒಂದೊಂದಾಗಿ ಹೇಳಿಕೊಡ್ತಾ ಹೋಗ್ತಾನೆ. ಲೇನ್ ಇಂಗ್ಲಿಷ್ ನೌಕಾ ಸೇನಾಪತಿ ನೆಲ್ಸನ್‌ನ ತೋರ್ಸು ಅಂದಾಗ ಹುಡುಗ ಕಪ್ಪು ಬಟ್ಟೆ ಹಾಕಿದ ಯುರೋಪಿನವನು, ಎಡಗೈ ಇಲ್ಲ ಅಂದ. ನೆಲ್ಸನ್‌ಗೆ ಇಲ್ದೇ ಇದ್ದಿದ್ದು ಬಲಗೈ. ಕನ್ನಡೀಲಿ ಕಂಡ ಹಾಗೆ ಎಡಬಲ ತಿರುಗಿ ಕಾಣುತ್ತೆ ಅಂತ ಜಾದೂಗಾರ ಸಮಜಾಯಿಷಿ ಕೊಟ್ಟ, ಲೇನ್ ದಂಗಾದ. ಆದ್ರೆ ನೆಲ್ಸನ್ 1798ರಲ್ಲಿ ಫ್ರೆಂಚರ ಹಡಗುಗಳನ್ನ ಸುಟ್ಟಿದ್ದು ಅದೇ ಈಜಿಪ್ಟಿನ ಅಬುಕಿರ್ ಕೊಲ್ಲೀಲಿ. ಒಂಟಿ ಕೈಯ ಇಂಗ್ಲಿಷಿನವನ ಕತೆ ಅಲ್ಲಿ ಯಾರ ಬಾಯಲ್ಲಾದ್ರೂ ಇದ್ದಿರೋಕೆ ಎಷ್ಟು ಹೊತ್ತು ಬೇಕು?

ಜಾನ್ ಡೀ ಕತೆ ಅಂತೂ ಇನ್ನೂ ಹೊಲಸು. ಒಂದನೇ ಎಲಿಜಬೆತ್ ರಾಣಿಗೆ ಸಲಹೆ ಕೊಡ್ತಿದ್ದ ಗಣಿತಜ್ಞ, ಆ ಕಾಲದ ಇಂಗ್ಲೆಂಡಿನ ದೊಡ್ಡ ತಲೆ. ಅವನದ್ದು ಅಂತ ಹೇಳೋ ಅಬ್ಸಿಡಿಯನ್ ಕನ್ನಡಿ ಈಗ ಬ್ರಿಟಿಷ್ ಮ್ಯೂಸಿಯಮ್ಮಲ್ಲಿದೆ, 2021ರಲ್ಲಿ ಪರೀಕ್ಷೆ ಮಾಡಿದಾಗ ಆ ಕಲ್ಲು ಮೆಕ್ಸಿಕೋದ ಪಚುಕಾದ್ದು ಅಂತ ಖಚಿತ ಆಯ್ತು, ಅಂದ್ರೆ ಅಕ್ಕ ಹೇಳಿದ ಆಸ್ಟೆಕ್ ಕನ್ನಡಿನೇ. ತಮಾಷೆ ಏನಂದ್ರೆ ಡೀಗೆ ಸ್ವತಃ ಏನೂ ಕಾಣ್ತಿರ್ಲಿಲ್ಲ, ಕಲ್ಲಲ್ಲಿ ಹರಳಲ್ಲಿ ನೋಡಿ ಹೇಳೋಕೆ ಎಡ್ವರ್ಡ್ ಕೆಲ್ಲಿ ಅಂತ ಒಬ್ಬನನ್ನ 1582ರಿಂದ ಇಟ್ಕೊಂಡಿದ್ದ. ಕೆಲ್ಲಿ ನೋಡೋದು, ಡೀ ನಂಬಿ ಬರ್ಕೊಳ್ಳೋದು. ಐದು ವರ್ಷ ಆದ್ಮೇಲೆ 1587ರಲ್ಲಿ ಈಗಿನ ಚೆಕ್ ದೇಶದ ಬೊಹೀಮಿಯಾದಲ್ಲಿದ್ದಾಗ ಕೆಲ್ಲಿ ಹೇಳ್ತಾನೆ, ದೇವದೂತರ ಅಪ್ಪಣೆ ಆಗಿದೆ, ನಾವಿಬ್ರೂ ಹೆಂಡತಿಯರನ್ನ ಹಂಚ್ಕೋಬೇಕು ಅಂತ. ಡೀ ಒದ್ದಾಡಿದ, ಒಪ್ಪಿದ. ಅಷ್ಟು ಓದಿದ ಮನುಷ್ಯನ ಗತಿ ಹೀಗಾದ್ರೆ ತರೀಕೆರೆ ಮಾವನ್ನ ಬೈಯೋಕೆ ನಂಗೆ ಬಾಯಿ ಬರಲ್ಲ.

ಪುರಿ, ಕುದ್ರೋಳಿ, ವರಮಹಾಲಕ್ಷ್ಮಿ ಬಗ್ಗೆ ಅಕ್ಕ ಬರೆದಿದ್ದು ನಂಗೂ ಖುಷಿ ಆಯ್ತು, ಆದ್ರೆ ಅದನ್ನ ತಂದು ಇಲ್ಲಿಗೆ ಸೇರಿಸೋದು ಸರಿಯಲ್ಲ. ಜಗನ್ನಾಥನ ಕನ್ನಡಿ ಯಾರ ಹೆಸರನ್ನೂ ಹೇಳಲ್ಲ. ನಾರಾಯಣ ಗುರುಗಳ ಕನ್ನಡಿಯಂತೂ ಹಗಲು ಬೆಳಕಲ್ಲಿ ನೋಡೋದು, ಮುಖ ಕರಗ್ಲಿ ಅಂತಲ್ಲ, ನೆಟ್ಟಗೆ ಕಾಣ್ಲಿ ಅಂತ. ದೀಪ ಹಿಂದಿಟ್ಟು ಕಣ್ಣನ್ನ ಸುಸ್ತು ಮಾಡಿ ಬರಿಸ್ಕೊಳ್ಳೋ ಮುಖ ಅದಲ್ಲ. ಇನ್ನು ಕಪುಟೊ ಲೆಕ್ಕದಲ್ಲಿ ಅಮ್ಮನ ಮುಖಕ್ಕಿಂತ ರಾಕ್ಷಸರ ಮುಖನೇ ಹೆಚ್ಚು, ಅದನ್ನೂ ಅಕ್ಕನೇ ಬರೆದಿದ್ದಾರೆ, ಬರೆದು ಮುಂದಕ್ಕೆ ಹೋಗ್ಬಿಟ್ರು. ಅದೇ ಕಪುಟೊ ಮತ್ತೆ ಜೊತೆಯವರು 2012ರಲ್ಲಿ ಸ್ಕಿಜೋಫ್ರೇನಿಯಾ ಅನ್ನೋ ಮಾನಸಿಕ ಕಾಯಿಲೆ ಇರೋರನ್ನ ಕನ್ನಡಿ ಮುಂದೆ ಕೂರಿಸಿದಾಗ ಅವರಿಗೆ ಇನ್ನೂ ಜೋರಾಗಿ, ಇನ್ನೂ ನಿಜ ಅನ್ಸೋ ಹಾಗೆ ಕಂಡಿತ್ತು. ರೀಲ್ಸಲ್ಲಿ "ಕ್ಯಾಂಡಲ್ ಹಚ್ಚಿ, ಕನ್ನಡಿ ನೋಡಿ, ನಿಮ್ಮ ಹಿಂದಿನ ಜನ್ಮ ನೋಡ್ಕೊಳ್ಳಿ" ಅನ್ನೋ ಹುಡುಗಿಗೆ ತನ್ನ ವಿಡಿಯೋ ನೋಡ್ತಿರೋರು ಯಾರು, ಯಾವ ಸ್ಥಿತೀಲಿ ಇದ್ದಾರೆ ಅಂತ ಗೊತ್ತಾ?

ಕಾನೂನಿದೆಯಲ್ಲ ಅಂತೀರಾ. ಇದೆ, ಅಮಾನುಷ ಆಚರಣೆ ಮತ್ತು ವಾಮಾಚಾರ ತಡೆಯೋಕೆ ಅಂತ 2017ರಲ್ಲಿ ಮಾಡಿ 2020ರ ಜನವರಿಯಿಂದ ಜಾರಿಗೆ ತಂದ್ರು. ಆದ್ರೆ ಒಂಬತ್ತು ವರ್ಷದ ಹುಡುಗ ಹೂಂ ಅಂದಿದ್ದಕ್ಕೆ ಯಾವ ಸೆಕ್ಷನ್ನು?

ಬೆಂಡೋಲೆ ಸಿಕ್ತು, ದಸರಾ ಹೊತ್ತಿಗೆ, ಕೌದಿ ಬಿಸಿಲಿಗೆ ಹಾಕೋಕೆ ಕೊಡವಿದಾಗ ಹೊಲಿಗೆ ಸಂದೀಲಿ. ಅಷ್ಟರಲ್ಲಿ ಆಯಮ್ಮನ್ನ ಕೆಲಸ ಬಿಡಿಸಿ ಐದು ತಿಂಗಳಾಗಿತ್ತು, ಊರಲ್ಲಿ ಬೇರೆ ಯಾರೂ ಕರೀಲಿಲ್ಲ, ಶಿವಮೊಗ್ಗದ ಕಡೆ ಮಗಳ ಮನೆಗೆ ಹೋದ್ರಂತೆ. ಅಜ್ಜಿ ಒಂದೇ ಮಾತು ಅಂದ್ರು, ಅಂಗೈ ಹುಣ್ಣಿಗೆ ಕನ್ನಡಿ ಯಾಕ್ರೋ ಬೇಕಿತ್ತು, ಮೊದ್ಲು ಹಾಸಿಗೆ ಕೊಡವೋದಲ್ವಾ ಅಂತ. ಯಾರೂ ಹೋಗಿ ಆಯಮ್ಮನ್ನ ಹುಡುಕ್ಲಿಲ್ಲ. ನಾನೂ ಹುಡುಕ್ಲಿಲ್ಲ.

ಅಕ್ಕನ ಬರಹ ಓದಿದ ರಾತ್ರಿ ನಾನೂ ಕೂತೆ, ಸುಳ್ಳು ಯಾಕೆ ಹೇಳ್ಲಿ. ಬಾತ್‌ರೂಮಿನ ಕನ್ನಡಿ, ಹಿಂದೆ ಮೊಬೈಲ್ ಟಾರ್ಚಿಗೆ ಟವೆಲ್ ಸುತ್ತಿ. ಮೂರು ನಿಮಿಷಕ್ಕೆ ಮೂಗು ಹೋಯ್ತು, ಹಣೆ ಹೋಯ್ತು, ಅಕ್ಕ ಹೇಳಿದ ಹಾಗೇ ಕಣ್ಣು ಮಾತ್ರ ಉಳೀತು. ಆಗ ಗೊತ್ತಾಯ್ತು, ನಾನು ನೋಡ್ತಾನೇ ಇರ್ಲಿಲ್ಲ, ಕಿವಿ ಕೊಟ್ಟು ಕಾಯ್ತಿದ್ದೆ, ಈಗ ಯಾರೋ ಸೀರೆ ಬಣ್ಣ ಕೇಳ್ತಾರೆ ಅಂತ. ಎದ್ದು ಲೈಟ್ ಹಾಕ್ದೆ.